ಇಲ್ಲ, ನನಗೆ ನಿದ್ದೆ ಬರ್ತಾ ಇಲ್ಲ

ಪ್ರಶ್ನೆ ಇಷ್ಟೇ: "ಯಾಕ್ರೀ, ರಾತ್ರಿ ನಿದ್ದೆ ಮಾಡಿಲ್ವಾ?" ಬಸ್ಸಿನಲ್ಲಿ ಪಕ್ಕ ಕೂತವರು, ಆಫೀಸಿಗೆ ಹೊಸದಾಗಿ ಸೇರಿದವರು, ಮದುವೆಮನೆಯಲ್ಲಿ ಎದುರೆಲೆಯವರು, ಸೊಪ್ಪಿನ ಗಾಡಿಯವನು, ಎಲ್ಲರೂ ಕೇಳುತ್ತಾರೆ. ಸ್ವಲ್ಪ ಸಲಿಗೆಯಾದ ಮೇಲೆ ಇನ್ನೊಂದು ಬರುತ್ತದೆ: "ಮದ್ವೆಯಾಗಿ ಇಷ್ಟು ವರ್ಷ ಆಯ್ತಲ್ಲ, ಏನೂ ವಿಶೇಷ ಇಲ್ವಾ?" ಕೇಳುವವರ ಲೆಕ್ಕದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ನನ್ನ ಮಟ್ಟಿಗೆ ಎರಡಕ್ಕೂ ಉತ್ತರ ಒಂದೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರ ಮೊಬೈಲಿಗೆ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಲಿ.

ನನ್ನ ಕಣ್ಣು ಹುಟ್ಟಿದಾಗಿನಿಂದ ಹೀಗೇ. ಇದಕ್ಕೆ ಬ್ಲೆಫರೋಫಿಮೋಸಿಸ್ ಎಂದು ಶುರುವಾಗುವ ಮಾರುದ್ದದ ಹೆಸರಿದೆ. ಡಾಕ್ಟರುಗಳಿಗೂ ಪೂರ್ತಿ ಹೇಳಲು ಬೇಜಾರು, ಬಿಪಿಇಎಸ್ ಅಂದುಬಿಡುತ್ತಾರೆ. ಕಣ್ಣಿನ ಸೀಳು ಕಿರಿದು. ಮೇಲಿನ ರೆಪ್ಪೆ ಎತ್ತುವ ಸ್ನಾಯುವಿಗೆ ಕಸುವಿಲ್ಲ, ಹಾಗಾಗಿ ರೆಪ್ಪೆ ಜೋತುಬಿದ್ದಿರುತ್ತದೆ. ಮೂಗಿನ ಪಕ್ಕದಲ್ಲಿ ಕೆಳರೆಪ್ಪೆಯಿಂದ ಮೇಲಕ್ಕೆ ಒಂದು ಚರ್ಮದ ಮಡಿಕೆ. ಎರಡು ಕಣ್ಣುಗಳ ಒಳಮೂಲೆಗಳ ನಡುವೆ ಅಂತರ ಜಾಸ್ತಿ. ರೆಪ್ಪೆ ಏಳದವರು ಹುಬ್ಬು ಎತ್ತಿ ನೋಡುತ್ತೇವೆ. ಅದೂ ಸಾಲದಿದ್ದರೆ ಗಲ್ಲ ಎತ್ತುತ್ತೇವೆ. ಗಲ್ಲ ಎತ್ತಿದ ಹುಡುಗಿಗೆ ಜಂಭ ಎಂದು ನನ್ನ ಹೈಸ್ಕೂಲಿನ ಮೇಷ್ಟ್ರೊಬ್ಬರು ಕೊನೆಯವರೆಗೂ ನಂಬಿದ್ದರು.

"ಆಪರೇಷನ್ ಮಾಡಿಸ್ಕೋಬಾರ್ದಾ?" ಮಾಡಿಸಿದ್ದೇನೆ ಸ್ವಾಮಿ. ನೀವು ನೋಡುತ್ತಿರುವುದು ಆಪರೇಷನ್ ಆದ ಮೇಲಿನ ಕಣ್ಣು. ಮೊದಲು ಒಳಮೂಲೆಯ ಮಡಿಕೆ ಸರಿಪಡಿಸುತ್ತಾರೆ, ಸಾಮಾನ್ಯವಾಗಿ ಮೂರರಿಂದ ಐದು ವರ್ಷದೊಳಗೆ. ಆಮೇಲೆ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ಜೋತುಹಾಕುತ್ತಾರೆ. ಜೋತುಹಾಕಲು ಸಿಲಿಕೋನ್ ಎಳೆ ಬಳಸುವುದುಂಟು, ತೊಡೆಯ ಚರ್ಮದಡಿಯ ಪೊರೆಯ ಪಟ್ಟಿ ತೆಗೆದು ಬಳಸುವುದೂ ಉಂಟು. ನನ್ನದು ತೊಡೆಯದ್ದು. ಹಾಗೆ ಕಟ್ಟಿದ ರೆಪ್ಪೆ ಮಲಗಿದಾಗ ಪೂರ್ತಿ ಮುಚ್ಚುವುದಿಲ್ಲ. ಎಚ್ಚರವಿದ್ದಾಗ ನಿದ್ದೆ ಬಂತಾ ಎಂದು ಊರೆಲ್ಲ ಕೇಳುತ್ತದೆ, ನಿದ್ದೆ ಬಂದಾಗ ಗಂಡ "ಎದ್ದಿದ್ದೀಯಾ?" ಎಂದು ಕೇಳುತ್ತಾನೆ.

ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ಒಂದು ಸ್ಟುಡಿಯೋಗೆ ಹೋಗಿದ್ದೆ. "ಕಣ್ಣು ಬಿಡಿ ಮೇಡಂ." ಬಿಟ್ಟಿದ್ದೀನಿ. "ಇನ್ನೂ ಸ್ವಲ್ಪ." ಗಲ್ಲ ಎತ್ತಿದೆ. "ಗಲ್ಲ ಇಳಿಸಿ." ಇಳಿಸಿದೆ. "ಕಣ್ಣು ಮುಚ್ಚೋಯ್ತು, ಬಿಡಿ." ಹುಬ್ಬು ಎತ್ತಿದೆ. "ಅಷ್ಟೊಂದು ಗಾಬರಿ ಬೇಡ ಮೇಡಂ, ನಾರ್ಮಲ್ಲಾಗಿರಿ." ಹಿಂದೆ ಬೆಂಚಿನ ಮೇಲೆ ಕೂತಿದ್ದ ಹೆಂಗಸು, "ತಣ್ಣೀರಲ್ಲಿ ಮುಖ ತೊಳ್ಕೊಂಡು ಬಾಮ್ಮ, ಸರಿಹೋಗುತ್ತೆ" ಅಂದರು. ಕೊನೆಗೆ ಹುಡುಗನಿಗೆ ದಾರಿ ಹೊಳೆಯಿತು. "ಬಿಡಿ, ಫೋಟೋಶಾಪಲ್ಲಿ ದೊಡ್ಡದು ಮಾಡ್ತೀನಿ. ಎಕ್ಸ್‌ಟ್ರಾ ಏನೂ ಬೇಡ." ಮಾಡಿಯೂ ಮಾಡಿದ. ಪರದೆಯ ಮೇಲೆ ನನ್ನ ಮೂಗು, ನನ್ನ ಓಲೆ, ಯಾವುದೋ ಸೀರಿಯಲ್ ನಾಯಕಿಯ ಕಣ್ಣು. "ಚೆನ್ನಾಗಿದೆಯಪ್ಪ. ಆದ್ರೆ ಏರ್‌ಪೋರ್ಟಲ್ಲಿ ಇವಳನ್ನ ವಿಮಾನ ಹತ್ತಿಸಿ ನನ್ನ ವಾಪಸ್ ಕಳಿಸ್ತಾರೆ" ಅಂದೆ. ಅವನು ನಗಲಿಲ್ಲ. ಕಷ್ಟಪಟ್ಟು ಮಾಡಿದ್ದ, ಪಾಪ.

ಕಾರಣ ಹುಡುಕುವವರದ್ದು ಬೇರೆಯೇ ಕಾಟ. "ನಿಮ್ಮಮ್ಮ ಬಸುರೀಲಿ ಗ್ರಹಣ ನೋಡಿದ್ರಾ?" ಇಲ್ಲ. "ಸೋದರಮಾವನ್ನ ಮದ್ವೆಯಾಗಿದ್ರಾ?" ಅದೂ ಇಲ್ಲ, ಇದಕ್ಕೆ ಅದು ಬೇಕಾಗಿಯೂ ಇಲ್ಲ. ಮೂರನೇ ಕ್ರೋಮೋಸೋಮಿನಲ್ಲಿ ಫಾಕ್ಸ್‌ಎಲ್2 ಎಂಬ ಜೀನ್ ಇದೆ. ಅಪ್ಪನಿಂದಲೋ ಅಮ್ಮನಿಂದಲೋ ಬಂದ ಒಂದು ಪ್ರತಿ ಕೆಟ್ಟಿದ್ದರೆ ಸಾಕು. ಹುಟ್ಟುವ ಒಂದೊಂದು ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಮನೆಯಲ್ಲಿ ಯಾರಿಗೂ ಇಲ್ಲದೆ ಹೊಸದಾಗಿ ಶುರುವಾಗುವುದೂ ಇದೆ.

ಈ ಜೀನ್ ರೆಪ್ಪೆಯ ಕೆಲಸ ಮುಗಿಸಿ ಸುಮ್ಮನಾಗುವುದಿಲ್ಲ. ಅಂಡಾಶಯ ಅಂಡಾಶಯವಾಗಿಯೇ ಉಳಿಯಲು ದೊಡ್ಡವರಾದ ಮೇಲೂ ಇದು ಬೇಕು. ಬೆಳೆದ ಹೆಣ್ಣಿಲಿಗಳಲ್ಲಿ ಇದನ್ನು ನಿಲ್ಲಿಸಿದರೆ ಅಂಡಾಶಯದ ಕೋಶಗಳು ವೃಷಣದ ಕೋಶಗಳಂತಾಗುತ್ತವೆ ಎಂದು 2009ರಲ್ಲಿ ತೋರಿಸಿದ್ದಾರೆ. ನಮ್ಮಂಥ ಹೆಂಗಸರಲ್ಲಿ ಅಷ್ಟೆಲ್ಲ ಆಗುವುದಿಲ್ಲ, ಮೀಸೆಯೇನೂ ಬರುವುದಿಲ್ಲ. ಬಿಪಿಇಎಸ್‌ನ ಮೊದಲ ಬಗೆಯಲ್ಲಿ ಮುಟ್ಟು ಎಲ್ಲರಂತೆ ಶುರುವಾಗಿ, ಆಮೇಲೆ ಏರುಪೇರಾಗಿ, ನಲವತ್ತಕ್ಕೆ ಮುಂಚೆಯೇ, ಕೆಲವರಿಗೆ ಅದಕ್ಕಿಂತ ಬಹಳ ಮುಂಚೆ, ನಿಂತುಹೋಗುತ್ತದೆ. ಎರಡನೇ ಬಗೆಯವರಿಗೆ ಕಣ್ಣು ಮಾತ್ರ, ಮಕ್ಕಳಾಗಲು ತೊಂದರೆಯಿಲ್ಲ. ಮುಖ ನೋಡಿ ಯಾವ ಬಗೆ ಎಂದು ಹೇಳಲಾಗದು. ಗಂಡಸರಿಗೆ ಯಾವ ಬಗೆಯಾದರೂ ಮಕ್ಕಳಾಗುತ್ತವೆ. ಹಾಗಾಗಿ ಮೊದಲ ಬಗೆ ಹೆಚ್ಚಾಗಿ ಗಂಡಸರಿಂದಲೇ ಮುಂದಿನ ತಲೆಗೆ ದಾಟುತ್ತದೆ, ಹೆಂಗಸರ ಮಡಿಲಲ್ಲಿ ನಿಲ್ಲುತ್ತದೆ. ನನ್ನದು ಮೊದಲ ಬಗೆ. ಎರಡನೇ ಪ್ರಶ್ನೆ ಕೇಳಿದ್ದಿರಲ್ಲ, ಉತ್ತರ ಸಿಕ್ಕಿತೇ?

ಡೋನರ್ ಅಂಡಾಣುವಿನ ಸಲಹೆಯನ್ನು ಯಾರೂ ಕೊಡಬೇಡಿ, ಗೊತ್ತಿದೆ. ದತ್ತು ಬಗ್ಗೆಯೂ ಗೊತ್ತಿದೆ. ನಾನೂ ಗಂಡನೂ ಏನು ಮಾಡುತ್ತೇವೆ ಎನ್ನುವುದು ಮದುವೆಮನೆಯ ಪಂಕ್ತಿಯಲ್ಲಿ ಪಲ್ಯ ಬಡಿಸುವ ಹೊತ್ತಿನಲ್ಲಿ ಇತ್ಯರ್ಥ ಮಾಡುವ ವಿಷಯವಲ್ಲ. ಮೂಳೆ ಸವೆಯದಿರಲೆಂದು ಹಾರ್ಮೋನ್ ಮಾತ್ರೆ ತಗೊಳ್ಳುತ್ತೇನೆ. ಅಷ್ಟು ಸಾಕು.

ನನ್ನ ಸಿಟ್ಟೆಲ್ಲ ಬೇರೆ ಕಡೆಗಿದೆ. ಊರಲ್ಲಿ ನಮ್ಮದು "ತೂಕಡಿಕೆಯವರ ಮನೆ". ಅಜ್ಜನಿಗೆ ಈ ಕಣ್ಣು, ಅಪ್ಪನಿಗೆ ಈ ಕಣ್ಣು, ಅಣ್ಣನಿಗೆ, ನನಗೆ. ಅಪ್ಪನ ತಂಗಿಗೂ. ಸೋದರತ್ತೆ ಅಕ್ಕಿ ಆರಿಸುವಾಗ ಮೊರವನ್ನು ಮುಖದ ಎತ್ತರಕ್ಕೆ ಹಿಡಿದು, ತಲೆ ಹಿಂದಕ್ಕೆ ವಾಲಿಸಿ, ಹುಬ್ಬು ಹಣೆಗೇರಿಸಿ ಕಲ್ಲು ಹುಡುಕುತ್ತಿದ್ದಳು, ಒಂದೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಮೂವತ್ತಾಗುವ ಮೊದಲೇ ಅವಳ ಮುಟ್ಟು ನಿಂತಿತ್ತು. ಅಶ್ವತ್ಥಕಟ್ಟೆ ಸುತ್ತಿಸಿದರು, ಕುಕ್ಕೆಗೆ ಕರೆದೊಯ್ದು ಸರ್ಪಸಂಸ್ಕಾರ ಮಾಡಿಸಿದರು, ಕಡೆಗೆ ಗಂಡನಿಗೆ ಇನ್ನೊಂದು ಮದುವೆ ಮಾಡಿಸಿ ಇವಳನ್ನು ತವರಿಗೆ ಕಳಿಸಿದರು. ಕಣ್ಣು ಅಜ್ಜನದಂತೆ, ಬಂಜೆತನ ಮಾತ್ರ ಅವಳ ಹಣೆಬರಹವಂತೆ. ಹಂಚಿದ ರೀತಿ ನೋಡಿ.

ಊರಿನವರನ್ನು ಬೈದು ಏನು ಬಂತು? ಮನೆತನದಲ್ಲಿ ಗಂಡಸರಿಂದ ಮಾತ್ರ ದಾಟುವ, ಹೆಂಗಸರಿಗೆ ಮಕ್ಕಳಾಗದ ಬಗೆಯೊಂದಿದೆ ಎಂದು ವೈದ್ಯರು 1983ರಲ್ಲೇ ಬರೆದಿದ್ದರು. ನನ್ನ ಆಪರೇಷನ್ ಆದದ್ದು ಅದಾದ ಮೇಲೆ. ಕಣ್ಣಿನವರು ಕಣ್ಣು ನೋಡಿ ಕಳಿಸಿದರು. ಮುಂದೆ ಮುಟ್ಟು ತಪ್ಪತೊಡಗಿದಾಗ ಹೆರಿಗೆ ಡಾಕ್ಟರು ಥೈರಾಯ್ಡ್ ನೋಡಿದರು, ತೂಕ ನೋಡಿದರು, ಸ್ಕ್ಯಾನಿಂಗ್ ರಿಪೋರ್ಟನ್ನು ಬೆಳಕಿಗೆ ಹಿಡಿದು ನೋಡಿದರು. ಎದುರಿಗಿದ್ದ ನನ್ನ ಮುಖ ಒಂದನ್ನು ಬಿಟ್ಟು.

ಅಣ್ಣನ ಮಗಳಿಗೂ ಇದೇ ಕಣ್ಣು. ಅವಳ ಆಪರೇಷನ್ನಿಗೆ ಜೊತೆಗೆ ಹೋಗಿದ್ದೆ. ಚಿಕ್ಕ ವಯಸ್ಸಿನ ಡಾಕ್ಟರು ಮಗುವನ್ನು ನೋಡಿದರು, ಅಣ್ಣನನ್ನು ನೋಡಿದರು, ನನ್ನನ್ನು ನೋಡಿದರು. "ಮನೇಲಿ ಇನ್ಯಾರಿಗೆ ಹೀಗಿದೆ?" ಚೀಟಿಯ ಹಿಂದೆ ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಬರೆಯುತ್ತಾ ಹೋದರು; ಈ ಕಣ್ಣಿನವರ ಗುರುತಿಗೆಲ್ಲ ಶಾಯಿ ತುಂಬಿದರು. "ನಿಮ್ಮ ಅತ್ತೆಗೆ ಮಕ್ಕಳಿದ್ದಾರಾ?" ಇಲ್ಲ. "ನಿಮಗೆ?" ಆ ಪ್ರಶ್ನೆ ಕೇಳಿದವರ ಮೇಲೆ ಎಂದೂ ಬರದ ಪ್ರೀತಿ ಆವತ್ತು ಬಂತು. ಅದನ್ನೇ ಇಪ್ಪತ್ತು ಮೂವತ್ತು ವರ್ಷ ಮೊದಲು ಯಾರಾದರೂ ಅಪ್ಪನಿಗೆ ಕೇಳಿದ್ದರೆ, ಅಂಡಾಣು ತೆಗೆದಿಡಬಹುದಾದ ವಯಸ್ಸಿನಲ್ಲಿ ನನಗೊಂದು ಮಾತು ಗೊತ್ತಾಗುತ್ತಿತ್ತು. ತೆಗೆದಿಡುತ್ತಿದ್ದೆನೋ ಇಲ್ಲವೋ, ಅದು ನನ್ನ ಇಷ್ಟ.

ಈಗ ಮಗು ಏಳನೇ ಕ್ಲಾಸು. ಜೀನ್ ಪರೀಕ್ಷೆಯಾಗಿದೆ, ಮುಂದೆ ಯಾವಾಗ ಯಾವ ರಕ್ತಪರೀಕ್ಷೆ ಎಂದು ಡಾಕ್ಟರು ಹೇಳಿದ್ದಾರೆ. ಮಗುವಿಗೆ ಮಾತ್ರ ಯಾರೂ ಹೇಳಿಲ್ಲ. ಅತ್ತಿಗೆ "ಎಸ್ಸೆಸ್ಸೆಲ್ಸಿ ಮುಗೀಲಿ, ಈಗ್ಲೇ ಯಾಕೆ ತಲೆ ಕೆಡಿಸ್ತೀಯಾ" ಅನ್ನುತ್ತಾಳೆ. ಎಸ್ಸೆಸ್ಸೆಲ್ಸಿ ಆದರೆ ಪಿಯುಸಿ, ಪಿಯುಸಿ ಆದರೆ ಸಿಇಟಿ, ಅಂಡಾಶಯ ಯಾವ ಬೋರ್ಡಿನ ವೇಳಾಪಟ್ಟಿಯನ್ನೂ ಕಾಯುವುದಿಲ್ಲ ಅಂದೆ. ಅಣ್ಣ ಎಂದಿನಂತೆ ಇಬ್ಬರಿಗೂ ಹೂಂ ಅನ್ನುತ್ತಾನೆ. ದಸರಾ ರಜೆಗೆ ಹುಡುಗಿ ನಮ್ಮ ಮನೆಗೆ ಬರುವವಳಿದ್ದಾಳೆ. ಅಷ್ಟರೊಳಗೆ ನೀವು ಹೇಳಿ, ಇಲ್ಲದಿದ್ದರೆ ಅವಳು ಕೇಳಿದರೆ ನಾನು ಸುಳ್ಳು ಹೇಳುವವಳಲ್ಲ ಎಂದಿದ್ದೇನೆ. ಅತ್ತಿಗೆ ಸದ್ಯಕ್ಕೆ ನನ್ನ ಫೋನ್ ಎತ್ತುತ್ತಿಲ್ಲ.