ಕಾಫಿ ಗುಂಪಿನ ಪ್ರಮಾಣಪತ್ರ: ಮುಂಗಾರಿನಿಂದ ಕೊಯ್ಲಿನವರೆಗೆ ಸಾಗಿದ ಕೆಲಸ

ಸೋಮವಾರಪೇಟೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರರಾದ ನಾವು ಒಟ್ಟುಗೂಡಿ ಕಟ್ಟಿಕೊಂಡ ಉತ್ಪಾದಕರ ಕಂಪನಿ, ಪರಿಸರವನ್ನೂ ಕಾರ್ಮಿಕರ ಹಿತವನ್ನೂ ಕಾಯ್ದು ಬೆಳೆದ ಬೆಳೆಗೆ ಮುದ್ರೆ ಕೊಡುವ ಅಂತಾರಾಷ್ಟ್ರೀಯ ಸಂಸ್ಥೆಯಾದ ರೈನ್‌ಫಾರೆಸ್ಟ್ ಅಲಯನ್ಸ್‌ನ ಗುಂಪು ಪ್ರಮಾಣಪತ್ರಕ್ಕಾಗಿ ಕಳೆದ ಮುಂಗಾರಿನಿಂದ ಸಿದ್ಧತೆ ನಡೆಸಿದೆ. ದಾಖಲೆಗಳ ಹೊಣೆಯನ್ನು ಬಿಡುವಿನ ವೇಳೆಯ ಕೆಲಸವಾಗಿ ನಾನು ವಹಿಸಿಕೊಂಡಿದ್ದೇನೆ. ಇಂಥದೇ ಯೋಚನೆಯಲ್ಲಿರುವ ಬೇರೆ ಗುಂಪುಗಳಿಗೆ ಉಪಯೋಗವಾಗಲಿ ಎಂದು, ಕೆಲಸ ಎಲ್ಲಿಯವರೆಗೆ ಬಂದಿದೆ ಮತ್ತು ಅದರಿಂದ ನಮಗೆ ನಿಜವಾಗಿ ಏನು ದಕ್ಕಿದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೇ–ಜೂನ್: ಯಾವ ಮುದ್ರೆ?

ನಮ್ಮ ಮುಂದೆ ಮೂರು ದಾರಿಗಳಿದ್ದವು. ಮೊದಲನೆಯದು, ಕೇಂದ್ರ ಸರ್ಕಾರದ ಕೃಷಿ ರಫ್ತು ಪ್ರಾಧಿಕಾರವಾದ ಅಪೇಡಾ ನಡೆಸುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಮಾಣೀಕರಣ. ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಅಲ್ಲಿ ಮೂರು ವರ್ಷಗಳ ಪರಿವರ್ತನೆಯ ಅವಧಿಯಿದೆ. ರಾಸಾಯನಿಕ ಗೊಬ್ಬರವನ್ನು ಒಮ್ಮೆಲೇ ಬಿಟ್ಟು, ಆ ಅವಧಿಯಲ್ಲಿ ಇಳಿಯುವ ಇಳುವರಿಯನ್ನು ಸಾವಯವ ಬೆಲೆಯ ಆಸರೆಯಿಲ್ಲದೆ ತಾಳಿಕೊಳ್ಳುವ ಶಕ್ತಿ ನಮ್ಮ ಹೆಚ್ಚಿನ ಸದಸ್ಯರಿಗಿಲ್ಲ. ಎರಡನೆಯದು ಫೇರ್‌ಟ್ರೇಡ್. ಬೆಲೆಗೆ ಒಂದು ತಳಮಟ್ಟವನ್ನು ಕಟ್ಟಿಕೊಡುವುದು ಈ ಅಂತಾರಾಷ್ಟ್ರೀಯ ಮುದ್ರೆಯ ದೊಡ್ಡ ಗುಣ: ತೊಳೆದು ಸಂಸ್ಕರಿಸಿದ ಅರೇಬಿಕಾ ಜಾತಿಯ ಕಾಫಿಗೆ 2023ರ ಆಗಸ್ಟ್‌ನಿಂದ ಪೌಂಡಿಗೆ 1.80 ಡಾಲರ್ ಕನಿಷ್ಠ ಬೆಲೆ, ಅದರ ಮೇಲೆ ಸಮುದಾಯದ ಕೆಲಸಗಳಿಗಾಗಿ 20 ಸೆಂಟ್ ಹೆಚ್ಚುವರಿ ಹಣ. 2019ರ ಆಸುಪಾಸಿನಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಒಂದು ಡಾಲರಿಗಿಂತಲೂ ಕೆಳಗಿಳಿದಿದ್ದನ್ನು ಕಂಡವರಿಗೆ ಈ ತಳಮಟ್ಟದ ಮಹತ್ವ ಏನೆಂದು ವಿವರಿಸಬೇಕಾಗಿಲ್ಲ. ಆದರೆ ಆ ಷರತ್ತಿನಲ್ಲಿ ಕೊಳ್ಳುವವರು ಸಿಕ್ಕಿದಷ್ಟು ಮಾಲಿಗೆ ಮಾತ್ರ ಈ ಬೆಲೆ ದೊರೆಯುತ್ತದೆ, ನಮ್ಮಿಂದ ಕೊಳ್ಳುವ ರಫ್ತುದಾರರಿಗೆ ಆ ಬೇಡಿಕೆ ಇರಲಿಲ್ಲ. ಅವರು ಕೇಳಿದ್ದು ಮೂರನೆಯದನ್ನು, ರೈನ್‌ಫಾರೆಸ್ಟ್ ಅಲಯನ್ಸ್‌ನ ಹಸಿರು ಕಪ್ಪೆಯ ಮುದ್ರೆಯನ್ನು. 1987ರಲ್ಲಿ ಆರಂಭವಾದ ರೈನ್‌ಫಾರೆಸ್ಟ್ ಅಲಯನ್ಸ್ 2018ರಲ್ಲಿ ಯುಟಿಝಡ್ ಎಂಬ ಇನ್ನೊಂದು ಪ್ರಮಾಣೀಕರಣ ಸಂಸ್ಥೆಯೊಡನೆ ವಿಲೀನಗೊಂಡ ಬಳಿಕ 2020ರಲ್ಲಿ ಹೊಸ ಮಾನದಂಡವನ್ನು ಹೊರತಂದಿತು. ನಾವು ಓದಿಕೊಂಡು ಕೆಲಸ ಮಾಡುತ್ತಿರುವುದು ಅದನ್ನೇ.

ಭೌಗೋಳಿಕ ಸೂಚಿಕೆ ಇರುವಾಗ ಇದೇಕೆ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಕೊಡಗಿನ ಅರೇಬಿಕಾಕ್ಕೂ ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಕ್ಕೂ 2019ರಲ್ಲಿ ದೊರೆತ ಆ ಮಾನ್ಯತೆ, ಬೀಜ ಯಾವ ನೆಲದ್ದು ಎಂಬುದನ್ನು ಹೇಳುತ್ತದೆ. ಅದನ್ನು ಕೊಯ್ದವರಿಗೆ ಎಷ್ಟು ಕೂಲಿ ಸಂದಿತು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರು ಯಾವ ಹಳ್ಳಕ್ಕೆ ಹೋಯಿತು ಎಂಬುದನ್ನು ಅದು ಹೇಳುವುದಿಲ್ಲ, ಹೇಳಬೇಕೆಂಬ ಉದ್ದೇಶವೂ ಅದಕ್ಕಿಲ್ಲ.

ಜುಲೈ–ಆಗಸ್ಟ್: ಪಹಣಿ ಮತ್ತು ನಕ್ಷೆ

ಮಳೆಯ ತಿಂಗಳುಗಳನ್ನು ಕಾಗದಪತ್ರಗಳಿಗೆ ಮೀಸಲಿಟ್ಟೆವು. ಜಮೀನಿನ ಮೇಲೆ ಸದಸ್ಯರಿಗೆ ನ್ಯಾಯಬದ್ಧ ಹಕ್ಕಿದೆ ಎಂಬುದನ್ನು ತೋರಿಸುವುದು ಮಾನದಂಡದ ಆರಂಭದ ಬೇಡಿಕೆಗಳಲ್ಲಿ ಒಂದು. ನಮ್ಮ ಕಡೆ ಎಷ್ಟೋ ತೋಟಗಳ ಪಹಣಿಯಲ್ಲಿ ಇಂದಿಗೂ ತೀರಿಕೊಂಡ ಅಜ್ಜನ ಹೆಸರೇ ಇದೆ, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ದಶಕಗಳಿಂದ ಉಳುತ್ತಿದ್ದಾರೆ. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅರ್ಜಿ ಹಾಕುವುದನ್ನು ವರ್ಷಗಳಿಂದ ಮುಂದೂಡಿದ್ದ ಹಲವು ಮನೆಗಳು ಈ ನೆಪದಲ್ಲಿ ನಾಡಕಚೇರಿಯ ಮೆಟ್ಟಿಲು ಹತ್ತಿದವು. ಪ್ರಮಾಣಪತ್ರ ಬಾರದೆ ಹೋದರೂ ಈ ಒಂದು ಕೆಲಸದ ಫಲ ಆ ಮನೆಗಳಲ್ಲಿ ಉಳಿಯುತ್ತದೆ: ಬ್ಯಾಂಕಿನ ಸಾಲಕ್ಕೂ ಬೆಳೆಹಾನಿಯ ಪರಿಹಾರಕ್ಕೂ ಬೇಕಾಗುವುದು ಅದೇ ಕಾಗದ.

ಬಳಿಕ ಮೊಬೈಲ್ ಹಿಡಿದು ತೋಟಗಳ ಗಡಿಯನ್ನು ಗುರುತಿಸುವ ಕೆಲಸ. ಯುರೋಪಿನ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ತಡೆ ನಿಯಮದಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. 4 ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಗಡಿರೇಖೆಯನ್ನೇ ಕೊಡಬೇಕು, ಅದಕ್ಕಿಂತ ಚಿಕ್ಕದಾದರೆ ಒಂದು ಬಿಂದು ಸಾಕು. ಈ ನಿಯಮದ ಜಾರಿಯನ್ನು ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಲಾಗಿದೆ, ಮತ್ತು ಪ್ರಮಾಣಪತ್ರವಿದ್ದ ಮಾತ್ರಕ್ಕೆ ಆಮದುದಾರರು ತಮ್ಮ ಪರಿಶೀಲನೆಯ ಹೊಣೆಯಿಂದ ಮುಕ್ತರಾಗುವುದಿಲ್ಲ. ಆದರೂ ನಕ್ಷೆ ಸಿದ್ಧವಿರುವ ಗುಂಪಿನ ಮಾಲನ್ನು ಮೊದಲು ಕೊಳ್ಳುತ್ತಾರೆ ಎಂಬುದು ರಫ್ತುದಾರರೊಡನೆ ಮಾತನಾಡಿದಾಗ ತಿಳಿಯಿತು. ಭಾರತದ ಕಾಫಿಯ ಹೆಚ್ಚಿನ ಪಾಲು ಹೊರದೇಶಗಳಿಗೆ ಹೋಗುತ್ತದೆ, ಅದರಲ್ಲೂ ಇಟಲಿ, ಜರ್ಮನಿ, ಬೆಲ್ಜಿಯಂಗಳು ದೊಡ್ಡ ಗಿರಾಕಿಗಳು. ಆದ್ದರಿಂದ ಇದನ್ನು ಕಡೆಗಣಿಸುವಂತಿಲ್ಲ.

ಸೆಪ್ಟೆಂಬರ್: ಮರ ಮತ್ತು ಔಷಧಿ

ಮರಗಳ ಪಟ್ಟಿ ಮಾಡುವುದು ನನಗೆ ಅತ್ಯಂತ ಇಷ್ಟವಾದ ಹಂತ. ಹಲಸು, ನೇರಳೆ, ಅತ್ತಿ, ನಂದಿ, ಹೊನ್ನೆ, ಮತ್ತಿ, ಬೀಟೆ ಎಂದು ಬರೆಯುತ್ತಾ ಹೋದಂತೆ, ನಮ್ಮ ಹಿರಿಯರು ಕಾಡನ್ನು ಪೂರ್ತಿ ತೆಗೆಯದೆ ಅದರ ನೆರಳಿನಲ್ಲೇ ಕಾಫಿಯನ್ನು ಬೆಳೆಸಿದ ವಿವೇಕ ಪುಟಪುಟದಲ್ಲೂ ಕಾಣತೊಡಗಿತು. ಎಳೆಯ ತೋಟಗಳಲ್ಲಿ ಮಾತ್ರ ಚಿತ್ರ ಬೇರೆ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟಗಿದೆ, ಕಡಿಯಲು ಅನುಮತಿಯ ತೊಡಕು ಕಡಿಮೆ ಎಂಬ ಕಾರಣಗಳಿಗಾಗಿ ಸಾಲುಸಾಲಾಗಿ ಸಿಲ್ವರ್ ಓಕ್ ಬಂದಿದೆ. ಯಾರನ್ನೂ ದೂರದೆ, ಮುಂದಿನ ಮಳೆಗಾಲದಲ್ಲಿ ಪ್ರತಿ ಸದಸ್ಯರೂ ಖಾಲಿ ಜಾಗಗಳಲ್ಲಿ ಅತ್ತಿ, ನೇರಳೆಯಂಥ ನಮ್ಮ ನೆಲದ ಗಿಡಗಳನ್ನೇ ನೆಡುವುದೆಂದು ತೀರ್ಮಾನಿಸಿದ್ದೇವೆ. ಅತ್ತಿ ಹಣ್ಣಿಗೆ ಬರುವ ಮಂಗಟ್ಟೆ ಹಕ್ಕಿಗಳನ್ನು ಕಂಡು ಬೆಳೆದವರಿಗೆ ಇದನ್ನು ಮಾನದಂಡದ ಭಾಷೆಯಲ್ಲಿ ಒಪ್ಪಿಸಬೇಕಾಗಿ ಬರಲಿಲ್ಲ.

ಔಷಧಿಯ ವಿಷಯ ಬೇಗ ಮುಗಿಯಿತು. ನಿಷೇಧಿತ ಕೀಟನಾಶಕಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಹಂಚಿದೆವು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ಏನನ್ನು ಸೂಚಿಸುತ್ತವೆ ಎಂಬುದನ್ನು ಸಿಂಪಡಿಸುವವರಿಗೇ ತಿಳಿಸಿದೆವು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣಕ್ಕೆ ತಡೆಯಿಲ್ಲ, ಆದರೆ ಎಷ್ಟು, ಯಾವಾಗ, ತೋಟದ ಯಾವ ಭಾಗಕ್ಕೆ ಎಂದು ಬರೆದಿಡಬೇಕು. ಹಾಗೆ ಬರೆದಿಡತೊಡಗಿದ ಮೇಲೆ, ಅಗತ್ಯವಿಲ್ಲದೆಯೂ ವಾಡಿಕೆಯಿಂದ ನಡೆಯುತ್ತಿದ್ದ ಒಂದು ಸಿಂಪಡಣೆಯನ್ನು ಕೆಲವರು ತಾವಾಗಿಯೇ ಕೈಬಿಟ್ಟರು.

ನವೆಂಬರ್‌ನಿಂದ: ಕೊಯ್ಲು, ಕೂಲಿ, ಮಕ್ಕಳು

ಪ್ರಮಾಣೀಕರಣದ ನಿಜವಾದ ತೂಕ ಇಲ್ಲಿದೆ ಎಂದು ನಾನು ನಂಬಿದ್ದೇನೆ. ಕೊಯ್ಲಿಗೆ ಈಗ ನಮ್ಮಲ್ಲಿಗೆ ಬರುವವರಲ್ಲಿ ಬಹಳಷ್ಟು ಮಂದಿ ಅಸ್ಸಾಮಿನಿಂದ, ದೂರದ ಇತರ ರಾಜ್ಯಗಳಿಂದ ಬಂದ ಕುಟುಂಬಗಳು. ಅವರನ್ನು ಕರೆತರುವವರು ಮೇಸ್ತ್ರಿಗಳು. ಕಿಲೋ ಲೆಕ್ಕದಲ್ಲಿ ಕೊಯ್ಲಿನ ಹಣವನ್ನು ಮೇಸ್ತ್ರಿಯ ಕೈಗೆ ಕೊಟ್ಟರೆ ತೋಟದವರ ಹೊಣೆ ಮುಗಿಯಿತು ಎಂಬ ರೂಢಿ ಸುತ್ತಮುತ್ತ ಬೇರೂರಿದೆ. ಆ ಹಣದಲ್ಲಿ ಎಷ್ಟು ಪಾಲು ಹಣ್ಣು ಕಿತ್ತ ಹೆಣ್ಣುಮಗಳ ಕೈ ಸೇರುತ್ತದೆ ಎಂಬುದು ತೋಟದ ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಇರುವುದಿಲ್ಲ.

ಈ ಕೊಯ್ಲಿನಿಂದ ಪ್ರತಿ ಕಾರ್ಮಿಕರ ಹೆಸರು, ಕೊಯ್ದ ಕಿಲೋ, ಕೈಗೆ ಕೊಟ್ಟ ಹಣ, ಮುಂಗಡದ ಬಾಕಿ ಇಷ್ಟನ್ನೂ ಬೇರೆಬೇರೆಯಾಗಿ ಬರೆಯುತ್ತಿದ್ದೇವೆ. ಕಿಲೋ ಲೆಕ್ಕದ ದುಡಿಮೆ ದಿನದ ಕನಿಷ್ಠ ವೇತನಕ್ಕಿಂತ ಕಡಿಮೆಯಾದರೆ ಉಳಿದದ್ದನ್ನು ತುಂಬಿಕೊಡಬೇಕು ಎಂಬುದನ್ನು ಗುಂಪು ಒಪ್ಪಿಕೊಂಡಿದೆ. ಕೊನೆಯ ಸುತ್ತಿನ ಕೊಯ್ಲಿನಲ್ಲಿ ಗಿಡದಲ್ಲಿ ಹಣ್ಣು ವಿರಳವಾಗಿರುವಾಗಲೇ ಈ ನಿಯಮಕ್ಕೆ ಬೆಲೆ ಬರುವುದು. ದಿನವಿಡೀ ದುಡಿದರೂ ಆಗ ಚೀಲ ತುಂಬುವುದಿಲ್ಲ. ಮೇಸ್ತ್ರಿಯ ಸಂಭಾವನೆಯನ್ನು ಕೂಲಿಯಿಂದ ಮುರಿದುಕೊಳ್ಳದೆ ತೋಟದವರೇ ಪ್ರತ್ಯೇಕವಾಗಿ ಕೊಡಬೇಕೆಂಬ ಮಾತಿಗೆ ಸಭೆಯಲ್ಲಿ ಬಲವಾದ ವಿರೋಧ ಬಂತು. ಖರ್ಚು ಹೆಚ್ಚುತ್ತದೆ ಎಂಬ ಅವರ ಮಾತು ಸುಳ್ಳಲ್ಲ. ಚರ್ಚೆಯ ನಂತರ ಹೆಚ್ಚಿನವರು ಒಪ್ಪಿದರು, ಒಪ್ಪದ ಇಬ್ಬರು ಈ ವರ್ಷ ಗುಂಪಿನ ಪಟ್ಟಿಯಿಂದ ಹೊರಗುಳಿದಿದ್ದಾರೆ.

ಮಕ್ಕಳ ವಿಷಯದಲ್ಲಿ ಹೊಸ ಮಾನದಂಡದ ನಿಲುವು ನನಗೆ ಸರಿಯೆನಿಸಿತು. ಬಾಲಕಾರ್ಮಿಕರು ಕಂಡೊಡನೆ ಪ್ರಮಾಣಪತ್ರವನ್ನು ಕಿತ್ತುಕೊಳ್ಳುವ ಹಳೆಯ ಕ್ರಮದಿಂದ ಜನ ಸಮಸ್ಯೆಯನ್ನು ಬಚ್ಚಿಡುತ್ತಿದ್ದರು. ಈಗ ಅಪಾಯವನ್ನು ಮೊದಲೇ ಅಂದಾಜಿಸಿ, ಕಂಡದ್ದನ್ನು ದಾಖಲಿಸಿ, ಆ ಮಗುವಿನ ಹಿತಕ್ಕೆ ತಕ್ಕ ಪರಿಹಾರವನ್ನು ಮಾಡಿ ತೋರಿಸಬೇಕು. ಕಾರ್ಮಿಕರು ತಂಗುವ ಲೈನ್ ಮನೆಗಳ ಮಕ್ಕಳು ಅಪ್ಪ ಅಮ್ಮನ ಹಿಂದೆ ತೋಟಕ್ಕೆ ಬರುವುದು ಅವರನ್ನು ನೋಡಿಕೊಳ್ಳುವವರಿಲ್ಲದೆ. ಆದ್ದರಿಂದ ಚಿಕ್ಕವರನ್ನು ಅಂಗನವಾಡಿಗೆ, ದೊಡ್ಡವರನ್ನು ಶಾಲೆಗೆ ಸೇರಿಸಲು ಶಿಕ್ಷಕರೊಡನೆ ಮಾತನಾಡಿದ್ದೇವೆ. ಭಾಷೆ ಬಾರದ ಮಕ್ಕಳನ್ನು ಕೊಯ್ಲಿನ ನಾಲ್ಕು ತಿಂಗಳಿಗಾಗಿ ಸೇರಿಸಿಕೊಳ್ಳುವುದು ಶಾಲೆಗೂ ಸುಲಭವಲ್ಲ. ಈ ಕೆಲಸ ಅರ್ಧ ಮಾತ್ರ ಆಗಿದೆ.

ಹಣದ ಪ್ರಶ್ನೆ

2024ರಲ್ಲಿ ರೋಬಸ್ಟಾ ಜಾತಿಯ ಕಾಫಿಯ ಚೆರ್ರಿಯ, ಅಂದರೆ ಸಿಪ್ಪೆಸಹಿತ ಒಣಗಿಸಿದ ಹಣ್ಣಿನ, ಬೆಲೆ 50 ಕಿಲೋ ಚೀಲಕ್ಕೆ 10,000 ರೂಪಾಯಿ ದಾಟಿದ್ದನ್ನು ಕಂಡ ಮೇಲೆ, ಕಿಲೋಗೆ ಕೆಲವೇ ರೂಪಾಯಿ ಹೆಚ್ಚಿಗೆ ಸಿಗುವುದಕ್ಕೆ ಇಷ್ಟು ಶ್ರಮ ಬೇಕೇ ಎಂದು ಸದಸ್ಯರು ಕೇಳುವುದು ಸಹಜ. ರೈನ್‌ಫಾರೆಸ್ಟ್ ಅಲಯನ್ಸ್ ಫೇರ್‌ಟ್ರೇಡ್‌ನಂತೆ ಕನಿಷ್ಠ ಬೆಲೆಯನ್ನು ನಿಗದಿಪಡಿಸುವುದಿಲ್ಲ. ಮಾರುಕಟ್ಟೆ ಬೆಲೆಯ ಮೇಲೆ ಹೆಚ್ಚುವರಿ ನಗದನ್ನು ಕೊಡಲೇಬೇಕು ಎನ್ನುತ್ತದೆ, ಆದರೆ ಕಾಫಿಯಲ್ಲಿ ಅದು ಎಷ್ಟು ಎಂಬುದನ್ನು ಕೊಳ್ಳುವವರ ಮತ್ತು ಮಾರುವವರ ಮಾತುಕತೆಗೆ ಬಿಟ್ಟಿದೆ. ಹೀಗೆ ಮಾತುಕತೆಗೆ ಬಿಟ್ಟಾಗ ದೊಡ್ಡ ಕೊಳ್ಳುಗರ ಕೈಯೇ ಮೇಲಾಗುತ್ತದೆ ಎಂಬುದು ನನ್ನ ಸ್ಪಷ್ಟ ಆಕ್ಷೇಪ. ತಪಾಸಣೆಯ ಖರ್ಚು, ದಾಖಲೆಯ ಶ್ರಮ ಬೆಳೆಗಾರರದು, ಮುದ್ರೆಯಿಂದ ಬರುವ ಹೆಸರು ಬಹುಪಾಲು ಪೊಟ್ಟಣದ ಮೇಲಿನ ಬ್ರಾಂಡಿನದು. ಒಬ್ಬೊಬ್ಬರೇ ಮಾರಿದರೆ ಈ ಅಸಮತೋಲನವನ್ನು ಸರಿಪಡಿಸಲಾಗದು. ಗುಂಪಾಗಿ ಒಂದೇ ದರಕ್ಕೆ ಮಾತನಾಡಿದ್ದರಿಂದ ಈ ಬಾರಿ ರಫ್ತುದಾರರು ಹೆಚ್ಚುವರಿ ಹಣವನ್ನು ಬೆಲೆಯೊಳಗೆ ಬೆರೆಸದೆ ಬಿಲ್ಲಿನಲ್ಲಿ ಬೇರೆಯಾಗಿ ನಮೂದಿಸಲು ಒಪ್ಪಿದ್ದಾರೆ.

ಒಳತಪಾಸಣೆ: ಈಗ ನಡೆಯುತ್ತಿರುವುದು

ಹೊರಗಿನ ತಪಾಸಕರು ಎಲ್ಲ ತೋಟಗಳನ್ನೂ ನೋಡುವುದಿಲ್ಲ. ಗುಂಪಿನ ಸದಸ್ಯರ ಸಂಖ್ಯೆಯ ವರ್ಗಮೂಲದಷ್ಟು ತೋಟಗಳನ್ನು ಆರಿಸಿಕೊಳ್ಳುವುದು ಇಂಥ ಪ್ರಮಾಣೀಕರಣಗಳ ಸಾಮಾನ್ಯ ಕ್ರಮ: 49 ಸದಸ್ಯರಿದ್ದರೆ ಕನಿಷ್ಠ 7 ತೋಟಗಳು. ಉಳಿದವುಗಳ ಮಟ್ಟಿಗೆ ಅವರು ನಂಬುವುದು ಗುಂಪು ತಾನೇ ನಡೆಸಿದ ಒಳತಪಾಸಣೆಯನ್ನು. ಆದ್ದರಿಂದ ಪ್ರಮಾಣಪತ್ರಕ್ಕೆ ಎಷ್ಟು ಬೆಲೆ ಎಂಬ ಪ್ರಶ್ನೆ ಕೊನೆಗೆ ಒಳತಪಾಸಣೆ ಎಷ್ಟು ಪ್ರಾಮಾಣಿಕ ಎಂಬ ಪ್ರಶ್ನೆಗೇ ಬಂದು ನಿಲ್ಲುತ್ತದೆ.

ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಉಡುಪು ಕಾರ್ಖಾನೆಗೆ 2012ರ ಆಗಸ್ಟ್‌ನಲ್ಲಿ ಎಸ್‌ಎ 8000 ಎಂಬ ಕಾರ್ಮಿಕ ಹಿತದ ಪ್ರಮಾಣಪತ್ರ ಸಿಕ್ಕಿತ್ತು. ಸೆಪ್ಟೆಂಬರ್ 11ರಂದು ಅಲ್ಲಿ ಬೆಂಕಿ ಬಿದ್ದಾಗ ಹೊರಬರಲಾಗದೆ 250ಕ್ಕೂ ಹೆಚ್ಚು ಜನ ಸತ್ತರು. ಒಳತಪಾಸಕರ ತರಬೇತಿಯ ದಿನ ನಾನು ಮೊದಲು ವಿವರಿಸಿದ್ದು ಈ ಘಟನೆಯನ್ನು. ಕಾಗದ ಸರಿಯಿದ್ದು ಬಾಗಿಲು ತೆರೆಯದ ಸ್ಥಿತಿ ನಮ್ಮಲ್ಲಿ ಬರಬಾರದೆಂದರೆ, ಲೈನ್ ಮನೆಯ ಒಳಗೆ ಹೋಗಿ ನೋಡಬೇಕು, ಔಷಧಿ ಡಬ್ಬಿಗಳು ಅಡುಗೆಮನೆಯ ಅಟ್ಟದಲ್ಲಿವೆಯೇ ಎಂದು ಪರೀಕ್ಷಿಸಬೇಕು, ಕಾರ್ಮಿಕರನ್ನು ತೋಟದವರ ಎದುರಿಗಲ್ಲದೆ ಬೇರೆಯಾಗಿ ಮಾತನಾಡಿಸಬೇಕು.

ನಮ್ಮ ಊರುಗಳಲ್ಲಿ ಎಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ನೆಂಟರು. ಸೋದರಮಾವನ ತೋಟದ ತಪ್ಪನ್ನು ಬರೆದುಕೊಳ್ಳುವುದು ಯಾರಿಗೂ ಸುಲಭವಲ್ಲ. ಅದಕ್ಕಾಗಿ ಒಂದು ಊರಿನ ತೋಟಗಳನ್ನು ಇನ್ನೊಂದು ಊರಿನವರು ನೋಡಬೇಕು, ಪ್ರತಿ ಜೋಡಿಯಲ್ಲಿ ಒಬ್ಬ ಮಹಿಳೆ ಇರಬೇಕು ಎಂಬ ನಿಯಮ ಮಾಡಿಕೊಂಡೆವು. "ನನ್ನ ತೋಟದ ಲೆಕ್ಕ ಪಕ್ಕದೂರಿನವರಿಗೆ ಯಾಕಪ್ಪಾ?" ಎಂದು ಕೇಳಿದ್ದ ಹಿರಿಯರೊಬ್ಬರು, ತಮ್ಮ ಪಲ್ಪರಿನ ನೀರು ಇಂಗುಗುಂಡಿಯಿಂದ ಉಕ್ಕಿ ಹಳ್ಳದ ಕಡೆಗೆ ಹರಿಯುತ್ತಿರುವುದನ್ನು ಆ ಪಕ್ಕದೂರಿನವರೇ ತೋರಿಸಿದಾಗ, ಮರುವಾರವೇ ಎರಡನೆಯ ಗುಂಡಿ ತೋಡಿಸಿದರು. ಕೆಳಗಿನ ಮನೆಗಳ ಬಾವಿಗೆ ಆ ಹುಳಿನೀರು ಇಳಿಯುವುದು ತಪ್ಪಿತು.

ಬಾಕಿ ಇರುವುದು: ಕಾರ್ಮಿಕರ ದೂರು ಕೇಳುವ ಸಮಿತಿಗೆ ಲೈನ್ ಮನೆಗಳಿಂದಲೇ ಇಬ್ಬರು ಮಹಿಳೆಯರನ್ನು ಆರಿಸುವುದು, ಕೂಲಿಯ ನಿಯಮಗಳನ್ನು ಬಂಗಾಳಿ ಮತ್ತು ಅಸ್ಸಾಮಿಯಲ್ಲಿ ಬರೆಸಿ ಕಣದ ಬಳಿ ಹಚ್ಚುವುದು, ಕಾಫಿಯನ್ನು ಸುಲಿದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಮ್ಮ ಚೀಲಗಳು ಬೇರೆಯವರ ಮಾಲಿನೊಡನೆ ಬೆರೆಯದಂತೆ ಗುರುತು ಹಾಕುವ ವ್ಯವಸ್ಥೆಯನ್ನು ಲಿಖಿತವಾಗಿ ಪಡೆಯುವುದು. ರೋಬಸ್ಟಾ ಕೊಯ್ಲು ಮುಗಿದು ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು ಉಳಿದ ತೋಟಗಳ ಒಳತಪಾಸಣೆ ಮುಗಿಸಿ, ಹೊರಗಿನ ತಪಾಸಣೆಗೆ ದಿನ ಕೇಳುವುದೆಂದು ಸಭೆ ತೀರ್ಮಾನಿಸಿದೆ.