ಸೀನಾ ಸೋತದ್ದು ಸರಿ, ಗೆದ್ದವನೇ ತಪ್ಪು

14 ಡಿಸೆಂಬರ್ 2025, ಭಾನುವಾರ
ಮುಧೋಳ

ಜಾನ್ ಸೀನಾ ಸೋಲಲೇಬೇಕಿತ್ತು. ಈ ಮಾತಿಗೆ ಇಂದು ತವರಿನಲ್ಲಿ ಒಬ್ಬರ ಬೆಂಬಲವೂ ಸಿಗಲಿಲ್ಲ. ಸೀನಾ ಎಂದರೆ ಡಬ್ಲ್ಯುಡಬ್ಲ್ಯುಇ ಎಂಬ ಅಮೆರಿಕದ ಸಂಸ್ಥೆಯ, ಗೆಲುವು ಸೋಲು ಮೊದಲೇ ಬರೆದಿಟ್ಟು ಆಡಿಸುವ ಟಿವಿ ಕುಸ್ತಿಯ ಹೆಸರಾಂತ ಪೈಲ್ವಾನ. ಅಣ್ಣನ ಮಗ ಮುಖ ಊದಿಸಿಕೊಂಡು ಹಿತ್ತಿಲಿಗೆ ಹೋದ. ಅಣ್ಣ, 'ನಿನಗೆ ಯಾವಾಗಲೂ ಎಲ್ಲರಿಗಿಂತ ಬೇರೆಯೇ ಹೇಳಬೇಕು' ಎಂದು ಗೊಣಗಿದ. ನಾನೇನು ಸೀನಾನ ವೈರಿಯಲ್ಲ. 2002ರಲ್ಲಿ ಕರ್ಟ್ ಆ್ಯಂಗಲ್ ಎದುರು ಬಂದು ನಿಂತ ಹುಡುಗ ಇಷ್ಟು ವರ್ಷ ನಮ್ಮ ಮನೆಯ ಟಿವಿಯಲ್ಲಿ ಬೆಳೆದವನೇ. ಆದರೆ ಪ್ರೀತಿಯ ಪೈಲ್ವಾನ ಗೆಲ್ಲಬೇಕೆನ್ನುವುದು ಬೇರೆ, ಕಥೆ ಚೆನ್ನಾಗಿರಬೇಕೆನ್ನುವುದು ಬೇರೆ. ಎರಡೂ ಒಟ್ಟಿಗೆ ಸಿಗುವ ದಿನಗಳು ಕಡಿಮೆ.

ವಾಷಿಂಗ್ಟನ್‌ನಲ್ಲಿ ಶನಿವಾರ ರಾತ್ರಿ, ನಮಗೆ ಭಾನುವಾರ ಬೆಳಗಿನ ಚಹಾದ ಹೊತ್ತು. ಸೀನಾನ ಕೊನೆಯ ಪಂದ್ಯ, ಎದುರಿಗೆ ಗುಂಥರ್. ಕೊರಳಿಗೆ ತೋಳು ಸುತ್ತಿ ಉಸಿರು ಕಟ್ಟಿಸುವ ಪಟ್ಟಿನಲ್ಲಿ ಗುಂಥರ್ ಅವನನ್ನು ಮತ್ತೆ ಮತ್ತೆ ಹಿಡಿದ. ಸೀನಾ ಬಿಡಿಸಿಕೊಂಡ, ಮತ್ತೆ ಸಿಕ್ಕಿಬಿದ್ದ. ಕಡೆಗೆ ಒಂದು ನಗೆ ನಕ್ಕು, ಕೈ ತಟ್ಟಿ ಸೋಲೊಪ್ಪಿದ. 'ಎಂದೂ ಸೋಲೊಪ್ಪಬೇಡ' ಎಂಬ ಘೋಷಣೆಯನ್ನು ಅಂಗಿ, ಟೋಪಿ, ಟವೆಲ್ಲುಗಳ ಮೇಲೆಲ್ಲ ಅಚ್ಚು ಹಾಕಿಸಿಕೊಂಡು ಮಾರಿದ ಮನುಷ್ಯ! ಸಭಾಂಗಣದಲ್ಲಿ ಧಿಕ್ಕಾರವೋ ಧಿಕ್ಕಾರ. ಹಳೆಯ ಪೈಲ್ವಾನ, ಈಗ ಕಥೆ ಕಟ್ಟುವವರ ಯಜಮಾನ ಟ್ರಿಪಲ್ ಎಚ್ ಹೊರಗೆ ಬಂದಾಗ ಕೂಗು ಇನ್ನೂ ಜೋರಾಯಿತು.

ನಿವೃತ್ತನಾಗುವವನು ಸೋತು ಹೊರಡುವುದು ಆ ಕಣದ ಹಳೆಯ ಪದ್ಧತಿ. 2008ರ ರೆಸಲ್‌ಮೇನಿಯಾ ಎಂಬ ವಾರ್ಷಿಕ ಮೇಳದಲ್ಲಿ ರಿಕ್ ಫ್ಲೇರ್ ಶಾನ್ ಮೈಕಲ್ಸ್‌ಗೆ ಸೋತು ಆ ಸಂಸ್ಥೆಯ ಕಣ ಬಿಟ್ಟ. ಎರಡು ವರ್ಷಗಳ ನಂತರ ಅದೇ ಮೈಕಲ್ಸ್ ಅಂಡರ್‌ಟೇಕರ್‌ಗೆ ಸೋತು ನಿವೃತ್ತನಾದ. 2019ರಲ್ಲಿ ಕರ್ಟ್ ಆ್ಯಂಗಲ್ ಬ್ಯಾರನ್ ಕಾರ್ಬಿನ್‌ಗೆ ಸೋತ. ಎಲ್ಲರೂ ಹಾಗೇ ಹೋಗಿಲ್ಲ. ಬೇರೆ ಸಂಸ್ಥೆಯಲ್ಲಿದ್ದ ಸ್ಟಿಂಗ್ 2024ರ ಮಾರ್ಚ್‌ನಲ್ಲಿ ಜೋಡಿ ಪಟ್ಟವನ್ನು ಉಳಿಸಿಕೊಂಡು ಗೆದ್ದೇ ಹೋದ, ಅದನ್ನು ನೋಡಿ ನನಗೂ ಸಂತೋಷವಾಗಿತ್ತು. ಆದರೆ ಆ ರಾತ್ರಿಯ ಸಂತೋಷ ಆ ರಾತ್ರಿಗೇ ಮುಗಿಯಿತು. ಹೊರಡುವ ಪೈಲ್ವಾನನ ಬಳಿ ಕೊಡುವುದಕ್ಕೆ ಉಳಿದಿರುವುದು ಒಂದೇ ವಸ್ತು, ಅವನ ಸೋಲು. ಅದನ್ನು ಯಾರಿಗೆ ಕೊಟ್ಟ ಎನ್ನುವುದರ ಮೇಲೆ ಮುಂದಿನ ಕಥೆಗಳು ನಿಲ್ಲುತ್ತವೆ.

ನನ್ನ ತಕರಾರು ಇರುವುದು ಇಲ್ಲೇ. ಗುಂಥರ್‌ಗೆ ಇದರ ಅಗತ್ಯ ಎಲ್ಲಿತ್ತು? ವಿಶ್ವ ಪಟ್ಟಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಇಂಟರ್‌ಕಾಂಟಿನೆಂಟಲ್ ಪಟ್ಟವನ್ನು 666 ದಿನ ಸೊಂಟಕ್ಕೆ ಕಟ್ಟಿಕೊಂಡು ತಿರುಗಿದವನು. 2024ರ ಸಮ್ಮರ್‌ಸ್ಲಾಮ್ ಮೇಳದಲ್ಲಿ ವಿಶ್ವ ಪಟ್ಟ ಗೆದ್ದ, ಈ ವರ್ಷ ಕಳೆದುಕೊಂಡು ಮತ್ತೆ ಗೆದ್ದ. ಮೊನ್ನೆ ಜುಲೈನಲ್ಲಿ ಗೋಲ್ಡ್‌ಬರ್ಗ್‌ನನ್ನು ಮನೆಗೆ ಕಳಿಸಿದವನೂ ಇವನೇ. ಸೀನಾನ ಕೊನೆಯ ಸೋಲನ್ನು ಇವನಿಗೆ ಕೊಡುವುದೆಂದರೆ, ಬಿತ್ತನೆಗೆಂದು ಎತ್ತಿಟ್ಟ ಜೋಳವನ್ನು ಹೊಟ್ಟೆ ತುಂಬಿದವನಿಗೆ ರೊಟ್ಟಿ ಬಡಿದು ಬಡಿಸಿದಂತೆ. ನಾನಾಗಿದ್ದರೆ ಬ್ರಾನ್ ಬ್ರೇಕರ್‌ಗೆ ಕೊಡುತ್ತಿದ್ದೆ. ರಿಕ್ ಸ್ಟೈನರ್‌ನ ಮಗ, ಇನ್ನೂ ಮೂವತ್ತು ತುಂಬಿಲ್ಲ, ಓಡಿಬಂದು ಗುದ್ದಿದರೆ ನೋಡುವವರ ಪಕ್ಕೆಲುಬೇ ನೋಯುತ್ತದೆ. 'ಸೀನಾನನ್ನು ಮುಗಿಸಿದವನು' ಎಂಬ ಬಿರುದು ಅವನಿಗೆ ಹತ್ತು ವರ್ಷ ಅನ್ನ ಹಾಕುತ್ತಿತ್ತು.

'ಎಲ್‌ಎ ನೈಟ್ ಇದ್ದನಲ್ಲ ಅತ್ತೆ' ಎಂದ ಹುಡುಗ, ಹಿತ್ತಿಲಿನಿಂದ ಒಳಗೆ ಬಂದು. ಸಿಟ್ಟು ಅರ್ಧ ಇಳಿದಿತ್ತು. ಅದೂ ಒಂದು ಮಾತೇ. ಸೀನಾನ ಎದುರಾಳಿ ಯಾರೆಂದು ನಿರ್ಧರಿಸುವ ಪಂದ್ಯಾವಳಿಯ ಫೈನಲ್‌ನಲ್ಲಿ ಗುಂಥರ್ ಸೋಲಿಸಿದ್ದು ಅವನನ್ನೇ. ಜನ ಅವನ ಒಂದೊಂದು ಮಾತಿಗೂ ದನಿಗೂಡಿಸುತ್ತಾರೆ. ಆದರೆ ಅವನಿಗೂ ನಲವತ್ತು ದಾಟಿದೆ. ಹೊರಡುವವನಿಂದ ಪಡೆದು, ಮರುವರ್ಷ ಇನ್ನೊಬ್ಬನಿಗೆ ಕೊಟ್ಟು ತಾನೂ ಹೊರಡುವುದಾದರೆ ಲಾಭ ಯಾರಿಗೆ?

ಇಷ್ಟು ಹೊತ್ತು ಕಾಕಾ ಸುಮ್ಮನೆ ಅಡಿಕೆ ಕತ್ತರಿಸುತ್ತಿದ್ದರು. ಅವರು ಹರೆಯದಲ್ಲಿ ಜಂಗಿ ನಿಕಾಲಿ ಕುಸ್ತಿ ಆಡಿದವರು. ಎಡಗಿವಿ ಮುದುಡಿ ಗಟ್ಟಿಯಾಗಿದೆ, ತಾಲೀಮಿನ ಮನೆಯ ಗುರುತು. ಜಾತ್ರೆಯ ಕುಸ್ತಿಯ ಕಣದ ಹತ್ತಿರ ಹೆಂಗಸರು ಹೋಗುವ ರೂಢಿ ಆಗ ಇರಲಿಲ್ಲ. ನಾವು ಹುಡುಗಿಯರು ದೂರದ ಮಾಳಿಗೆ ಹತ್ತಿ, ಕೆಂಪು ಮಣ್ಣಿನಲ್ಲಿ ಹೊರಳುವ ಆಕಾರಗಳನ್ನು ನೋಡಿ, ಜನರ ಗುಂಪು ಯಾವ ಕಡೆ ಎದ್ದು ಕುಣಿಯುತ್ತದೆ ಎನ್ನುವುದರಿಂದ ಗೆದ್ದವರು ಯಾರೆಂದು ಊಹಿಸುತ್ತಿದ್ದೆವು. ಟಿವಿಯ ಕುಸ್ತಿ ನನಗೆ ಹಿಡಿಸಿದ್ದಕ್ಕೆ ಅದೂ ಒಂದು ಕಾರಣವಿರಬೇಕು. ಇಲ್ಲಿ ಕಣದ ಅಂಚಿನಲ್ಲೇ ಕುಳಿತಂತೆ ಎಲ್ಲ ಕಾಣುತ್ತದೆ, ಏಳು ಎಂದು ಯಾರೂ ಹೇಳುವುದಿಲ್ಲ.

ಕಾಕಾನ ಆಕ್ಷೇಪ ಬುಡಕ್ಕೇ ಇತ್ತು. 'ಅಲ್ಲ ತಂಗಿ, ಯಾರು ಗೆಲ್ಲಬೇಕೆಂದು ಮೊದಲೇ ಬರೆದಿಟ್ಟ ಕುಸ್ತಿಗೆ ಸಿಟ್ಟು ಯಾತಕ್ಕೆ? ನಮ್ಮಲ್ಲಿ ಪಂಚರು ಜೋಡಿ ಹಾಕುತ್ತಿದ್ದರು. ತೂಕ ನೋಡಿ, ಹಿಂದಿನ ಆಟ ನೋಡಿ. ಜೋಡಿ ತಪ್ಪಿದರೆ ಜನ ಕಣಕ್ಕೇ ನುಗ್ಗುತ್ತಿದ್ದರು. ಆದರೆ ಯಾರು ಚಿತ್ ಆಗುತ್ತಾನೆ ಎನ್ನುವುದು ಪಂಚರ ಅಪ್ಪನಿಗೂ ಗೊತ್ತಿರುತ್ತಿರಲಿಲ್ಲ.'

'ಭೀಮ ದುರ್ಯೋಧನರ ಗದಾಯುದ್ಧದ ಫಲಿತಾಂಶ ನಿಮಗೆ ಗೊತ್ತಿರಲಿಲ್ಲವೇ ಕಾಕಾ? ಮತ್ತೆ ದೊಡ್ಡಾಟಕ್ಕೆ ಬೆಳಗಿನವರೆಗೆ ಕಂಬಳಿ ಹೊದ್ದು ಕೂರುತ್ತಿದ್ದಿರಿ' ಎಂದೆ. ಅವರು ನಕ್ಕರು.

ನಕ್ಕು ಬಿಡುವ ಮಾತಲ್ಲ ಇದು. ನಿಯಮ ಮೀರಿ ತೊಡೆಗೆ ಹೊಡೆಯುವುದು, ಬಲರಾಮ ಸಿಟ್ಟಾಗುವುದು, ಗೆದ್ದವನ ಗೆಲುವಿಗೆ ಕಲೆ ಅಂಟುವುದು, ಎಲ್ಲವೂ ಎಲ್ಲರಿಗೂ ಗೊತ್ತು. ಆದರೂ ದುರ್ಯೋಧನ ಬೀಳುವ ಹೊತ್ತಿಗೆ ತೂಕಡಿಸುತ್ತಿದ್ದವರೂ ಕಣ್ಣು ಬಿಡುತ್ತಾರೆ. ನಮ್ಮೂರಿನ ರನ್ನ ಸಾವಿರ ವರ್ಷದ ಹಿಂದೆ ತನ್ನ ದೊರೆಯನ್ನು ಭೀಮನಿಗೆ ಸಮೀಕರಿಸಿ ಕಾವ್ಯ ಬರೆದ. ದೊರೆಯ ಉಪ್ಪು ತಿಂದು ಭೀಮನನ್ನು ಗೆಲ್ಲಿಸಿದ, ಆದರೆ ಓದಿದವರ ಮನಸ್ಸು ದುರ್ಯೋಧನನ ಕಡೆಗೆ ವಾಲುವಂತೆಯೂ ಬರೆದ. ಸೋಲುವವನಿಗೆ ಛಲ ಕೊಟ್ಟ, ದುಃಖ ಕೊಟ್ಟ, ತನ್ನದೇ ಆದ ನ್ಯಾಯ ಕೊಟ್ಟ. ಟಿವಿ ಕುಸ್ತಿಯ ಕಥೆ ಬರೆಯುವವರಿಗೆ ಬೇಕಾದ ವಿದ್ಯೆ ಇದೇ. ಖಳನಿಗೆ ಕಾರಣ ಬೇಕು.

ಈ ವರ್ಷ ಅವರು ಸೀನಾನಿಗೆ ಕೊಡದೆ ಹೋದದ್ದೂ ಅದನ್ನೇ. ಮಾರ್ಚ್ 1ರಂದು ಟೊರಾಂಟೊದಲ್ಲಿ, ಅಪ್ಪಿಕೊಂಡಿದ್ದ ಪಟ್ಟದ ಒಡೆಯ ಕೋಡಿ ರೋಡ್ಸ್‌ಗೆ ಸೀನಾ ಒದ್ದು ಖಳನಾದಾಗ ನಾನು ಕುರ್ಚಿಯಿಂದ ಎದ್ದುನಿಂತಿದ್ದೆ. ಸಿನಿಮಾ ನಟನಾದ ಹಳೆಯ ಪೈಲ್ವಾನ ರಾಕ್ ಪಕ್ಕದಲ್ಲಿ ನಿಂತು ಸನ್ನೆ ಮಾಡಿದ್ದ. ಆಮೇಲೆ ರಾಕ್ ಆ ಕಥೆಯೊಳಕ್ಕೆ ಮರಳಲೇ ಇಲ್ಲ. ಏಪ್ರಿಲ್ 20ರಂದು ಲಾಸ್ ವೇಗಾಸ್‌ನಲ್ಲಿ ಸೀನಾ 17ನೆಯ ಬಾರಿ ವಿಶ್ವ ಪಟ್ಟ ಗೆದ್ದು ರಿಕ್ ಫ್ಲೇರ್‌ನ 16ರ ದಾಖಲೆ ಮುರಿದ. ಅಂಥ ದಾಖಲೆ ಬಿದ್ದ ಪಂದ್ಯದಲ್ಲಿ ನಡುವೆ ಬಂದು ಕೈ ಹಾಕಿದವನು ಒಬ್ಬ ಹಾಡುಗಾರ. ಯಾಕೆ ಬಂದ, ಸೀನಾನಿಗೂ ಅವನಿಗೂ ಏನು ನಂಟು, ಕೇಳಬಾರದು. ಆಗಸ್ಟ್ ಬರುವಷ್ಟರಲ್ಲಿ ಸೀನಾ ಮತ್ತೆ ಒಳ್ಳೆಯವನಾದ, ಪಟ್ಟ ಕೋಡಿಗೆ ಮರಳಿತು. ನಡುವಿನ ಆ ತಿಂಗಳುಗಳನ್ನು ಕತ್ತರಿಸಿ ತೆಗೆದರೂ ಕಥೆಯಲ್ಲಿ ಒಂದು ಎಳೆಯೂ ತುಂಡಾಗುವುದಿಲ್ಲ. ಇಂದಿನ ಸೋಲಿಗೆ ಕೂಗಿದವರು ಈ ವ್ಯರ್ಥಕ್ಕೆ ಕೂಗಿದ್ದರೆ ನಾನೂ ದನಿಗೂಡಿಸುತ್ತಿದ್ದೆ.

ಪಟ್ಟ ಯಾರ ಕೈಗೆ ಹೋಗಬೇಕು ಎನ್ನುವುದರಲ್ಲಿ ಜನರ ಕೂಗಿಗೆ ಬೆಲೆ ಇಲ್ಲವೆಂದಲ್ಲ. 2014ರ ಜನವರಿಯಲ್ಲಿ ಮೂವತ್ತು ಜನ ಸೆಣಸುವ ರಾಯಲ್ ರಂಬಲ್ ಪಂದ್ಯ ಗೆದ್ದ ಬಟಿಸ್ಟಾನನ್ನು ಪಿಟ್ಸ್‌ಬರ್ಗ್‌ನ ಜನ ಕೂಗಿ ಕೂಗಿ ಕಂಗೆಡಿಸಿದರು, ಅವರಿಗೆ ಬೇಕಿದ್ದವನು ಡೇನಿಯಲ್ ಬ್ರಯಾನ್. ಏಪ್ರಿಲ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಬ್ರಯಾನ್ ಒಂದೇ ರಾತ್ರಿ ಮೊದಲು ಟ್ರಿಪಲ್ ಎಚ್‌ನನ್ನು, ನಂತರ ರ್‍ಯಾಂಡಿ ಆರ್ಟನ್ ಮತ್ತು ಬಟಿಸ್ಟಾ ಇದ್ದ ಪಂದ್ಯವನ್ನು ಗೆದ್ದು ಪಟ್ಟ ಎತ್ತಿಹಿಡಿದ. ಅದೇ ರಾತ್ರಿ ಅಂಡರ್‌ಟೇಕರ್‌ನ ರೆಸಲ್‌ಮೇನಿಯಾದ 21 ಗೆಲುವುಗಳ ಸರಪಳಿಯನ್ನು ಬ್ರಾಕ್ ಲೆಸ್ನರ್ ತುಂಡರಿಸಿದ. ಆಗಲೂ ನಾನು ಹೇಳಿದ್ದು ಇದನ್ನೇ, ಲೆಸ್ನರ್‌ಗೆ ಅದು ಬೇಕಿರಲಿಲ್ಲ ಎಂದು. ಆಗಸ್ಟ್‌ನಲ್ಲಿ ಅವನು ಇದೇ ಸೀನಾನನ್ನು ಹದಿನಾರು ಸಲ ಹಿಂದಕ್ಕೆ ಎತ್ತಿ ಒಗೆದು ಪಟ್ಟ ಕಿತ್ತುಕೊಂಡಾಗ ಆ ಗೆಲುವಿನ ಭಾರ ಕಂಡಿತು ನಿಜ. ಆದರೆ ಅಷ್ಟು ಭಾರವನ್ನು ಅವನು ಮುಂದೆ ಯಾರಿಗೆ ಇಳಿಸಿಕೊಟ್ಟ?

ಕೋಫಿ ಕಿಂಗ್‌ಸ್ಟನ್‌ನ ಪ್ರಸಂಗ ಬಂದಾಗ ಮಾತ್ರ ನಾನೂ ಸೋದರಳಿಯನೂ ಒಂದೇ ಪಕ್ಷ. ಗಾಯಗೊಂಡ ಇನ್ನೊಬ್ಬನ ಜಾಗಕ್ಕೆ ಬಂದವನು ಜನರ ಬಲದಿಂದ ಮೇಲೇರಿ 2019ರ ಏಪ್ರಿಲ್‌ನಲ್ಲಿ ಪಟ್ಟ ಗೆದ್ದ. ಹನ್ನೊಂದು ವರ್ಷ ದುಡಿದ ಮೇಲೆ ಸಿಕ್ಕದ್ದು. ಆರು ತಿಂಗಳ ನಂತರ, ಅಕ್ಟೋಬರ್ 4ರಂದು, ಲೆಸ್ನರ್ ಎದುರು ಹತ್ತು ಸೆಕೆಂಡೂ ನಿಲ್ಲದೆ ಸೋತ. ಕಡಿಮೆ ಹೊತ್ತಿನ ಸೋಲೇ ತಪ್ಪು ಎಂದು ನಾನು ಹೇಳುವುದಿಲ್ಲ. 2021ರ ಸಮ್ಮರ್‌ಸ್ಲಾಮ್‌ನಲ್ಲಿ ಬಿಯಾಂಕಾ ಬೆಲೇರ್ ಬೆಕಿ ಲಿಂಚ್‌ಗೆ 26 ಸೆಕೆಂಡಿನಲ್ಲಿ ಸೋತಳು, ಮೈ ಉರಿಯಿತು. ಆದರೆ ಮುಂದಿನ ರೆಸಲ್‌ಮೇನಿಯಾದಲ್ಲಿ ಬಿಯಾಂಕಾ ಅವಳನ್ನೇ ಸೋಲಿಸಿ ಪಟ್ಟ ಪಡೆದಳು. ಆ 26 ಸೆಕೆಂಡು ಬಡ್ಡಿಸಹಿತ ವಸೂಲಾಯಿತು. ಕೋಫಿಯ ಸಾಲ ಹಾಗೇ ಉಳಿದಿದೆ, ಬರೆದವರು ಅದನ್ನು ಲೆಕ್ಕದಿಂದಲೇ ಹೊಡೆದುಹಾಕಿದರು.

ರೋಮನ್ ರೇನ್ಸ್‌ನ 1,316 ದಿನಗಳ ಆಳ್ವಿಕೆಯ ಬಗ್ಗೆ ಅಳಿಯನಿಗೆ ಮೈಮೇಲೆ ಬರುವಷ್ಟು ಅಭಿಮಾನ. ನನಗೂ ಇತ್ತು, ಬಹಳಷ್ಟು ಕಾಲ. ಅಣ್ಣತಮ್ಮಂದಿರು, ಸೋದರ ಸಂಬಂಧಿಗಳು, ಮನೆಯ ಹಿರಿಯ ಯಾರು ಎಂಬ ಜಗಳ. ನಮ್ಮ ಯಾವ ಒಟ್ಟು ಕುಟುಂಬದವರೂ ಅರ್ಥಮಾಡಿಕೊಳ್ಳುವ ಕಥೆ. 2023ರಲ್ಲಿ ಕೋಡಿಯನ್ನು ಸೋಲಿಸಿದ್ದು ಸರಿ ಎಂದು ಅಳಿಯ, ಒಂದು ವರ್ಷ ಕಾದದ್ದರಿಂದಲೇ 2024ರ ಏಪ್ರಿಲ್ 7ರ ಕೋಡಿಯ ಗೆಲುವಿಗೆ ಅಷ್ಟು ರುಚಿ ಬಂತು ಎಂದು. ಒಪ್ಪಬಹುದು. ಕೋಡಿಯ ತಂದೆ ಡಸ್ಟಿ ರೋಡ್ಸ್‌ಗೆ ಎಂದೂ ಸಿಗದ ಪಟ್ಟವದು, ಕಾಯಿಸಿದಷ್ಟೂ ಕಥೆ ಗಟ್ಟಿಯಾಗುತ್ತದೆ. ನನಗೆ ಇನ್ನೂ ನುಂಗಲಾಗದಿರುವುದು ಅದಕ್ಕೂ ಮೊದಲಿನದು. 2023ರ ಫೆಬ್ರುವರಿ 18, ಮಾಂಟ್ರಿಯಲ್, ಸಾಮಿ ಝೇನ್‌ನ ತವರು. ಅಲ್ಲೇ ಸಾಮಿ ರೋಮನ್‌ಗೆ ಸೋತ. ರೋಮನ್‌ನ ಬಳಿ ಎರಡು ಪಟ್ಟಗಳಿದ್ದವು. ಒಂದನ್ನು ಆ ರಾತ್ರಿ ಸಾಮಿಗೆ ಬಿಟ್ಟುಕೊಟ್ಟಿದ್ದರೆ ಏನು ಹಾಳಾಗುತ್ತಿತ್ತು? ಕೋಡಿಗೆ ಇನ್ನೊಂದು ಇದ್ದೇ ಇತ್ತು. ದಿನಗಳ ಲೆಕ್ಕ ದೊಡ್ಡದು ಮಾಡುವ ಚಟಕ್ಕೆ ಆ ಊರಿನ ಜನರ ಆನಂದವನ್ನು ಬಲಿಕೊಟ್ಟರು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಣ್ಣ ಖಲಿಯ ಕಥೆ ತೆಗೆದ. 2007ರಲ್ಲಿ, ಎಡ್ಜ್ ಗಾಯಗೊಂಡು ಬಿಟ್ಟ ಪಟ್ಟಕ್ಕೆ ಇಪ್ಪತ್ತು ಜನ ಗುದ್ದಾಡಿ ಖಲಿ, ಅಂದರೆ ನಮ್ಮ ದಲೀಪ್ ಸಿಂಗ್ ರಾಣಾ, ಗೆದ್ದಾಗ ನಮ್ಮ ಓಣಿಯ ಹುಡುಗರು ಕುಣಿದಾಡಿದ್ದರು. ಸೆಪ್ಟೆಂಬರ್‌ನಲ್ಲಿ ಬಟಿಸ್ಟಾ ಕಸಿದುಕೊಂಡ. ಖಲಿಗೆ ನಡೆಯುವುದೇ ಕಷ್ಟವಾಗಿತ್ತು, ಆದರೂ ಅದನ್ನು ಯಾರೂ ಎತ್ತಿ ಆಡಲಿಲ್ಲ. ನನಗೆ ಅದಕ್ಕಿಂತ ಹೆಚ್ಚು ಕೆಣಕಿದ್ದು ಜಿಂದರ್ ಮಹಲ್‌ನ ಪಟ್ಟ. ಕೆನಡಾದಲ್ಲಿ ಹುಟ್ಟಿ ಬೆಳೆದವನು, ಸೋಲುವುದೇ ಕಾಯಕವಾಗಿದ್ದವನು, 2017ರ ಮೇ ತಿಂಗಳಲ್ಲಿ ದಿಢೀರನೆ ರ್‍ಯಾಂಡಿ ಆರ್ಟನ್‌ನನ್ನು ಸೋಲಿಸಿದ. ಭಾರತದ ಮಾರುಕಟ್ಟೆಗಾಗಿ ಎಂದು ಊರೆಲ್ಲ ಮಾತಾಡಿಕೊಂಡಿತು. ಆಗಲಿ, ಮಾರುಕಟ್ಟೆಗೆ ಎಂದೇ ಇರಲಿ. ಆದರೆ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪಟ್ಟ ಕಿತ್ತುಕೊಂಡು, ಡಿಸೆಂಬರ್‌ನಲ್ಲಿ ದೆಹಲಿಗೆ ಕರೆತಂದು, ಟಿಕೆಟ್ ಕೊಂಡ ನಮ್ಮವರ ಎದುರೇ ಟ್ರಿಪಲ್ ಎಚ್ ಕೈಯಲ್ಲಿ ಸೋಲಿಸಿದರು! ಗಿರಾಕಿಯನ್ನು ಅಂಗಡಿಗೆ ಕರೆದು ಬಾಗಿಲಲ್ಲಿ ಅವಮಾನಿಸುವ ವ್ಯಾಪಾರವನ್ನು ನಾನು ಬೇರೆಲ್ಲೂ ನೋಡಿಲ್ಲ.

ಚಿಕ್ಕವರಿದ್ದಾಗ ಅಣ್ಣನ ಬಳಿ ಕುಸ್ತಿಪಟುಗಳ ಟ್ರಂಪ್ ಕಾರ್ಡ್‌ಗಳಿದ್ದವು. ಎತ್ತರ, ತೂಕ, ತೋಳಿನ ಸುತ್ತಳತೆ, ರ್‍ಯಾಂಕ್ ಎಲ್ಲ ಅಚ್ಚಾಗಿರುತ್ತಿತ್ತು. ಒಂದನೇ ರ್‍ಯಾಂಕ್ ಯಾರು ಕೊಟ್ಟರೆಂದು ನಾವು ಕೇಳಿದವರಲ್ಲ. ಈಗಿನ ಹುಡುಗರು ಕೇಳುತ್ತಾರೆ, ಅದು ಒಳ್ಳೆಯದೇ.

2025ರ ಈ ಡಿಸೆಂಬರ್‌ನಲ್ಲಿ ಕೋಡಿ ಬಳಿ ಒಂದು ಪಟ್ಟ, ಸಿಎಂ ಪಂಕ್ ಬಳಿ ಇನ್ನೊಂದು. 2026ರ ಜನವರಿ ಕೊನೆಗೆ ರಿಯಾದ್‌ನಲ್ಲಿ ರಾಯಲ್ ರಂಬಲ್. ರೋಮನ್ ಗೆಲ್ಲುತ್ತಾನೆ ಎಂದು ಅಳಿಯ ಪಣ ಕಟ್ಟಿದ್ದಾನೆ, ನಾನು ಬ್ರೇಕರ್ ಎಂದಿದ್ದೇನೆ. ಗುಂಥರ್ ಬರುವ ವರ್ಷ ಯಾವನೋ ಎಳೆಯ ಹುಡುಗನಿಗೆ ದೊಡ್ಡ ಕಣದಲ್ಲಿ ಕೈ ತಟ್ಟಿ ಸೋಲೊಪ್ಪಿದರೆ ನನ್ನ ಇವತ್ತಿನ ತಕರಾರಿನಲ್ಲಿ ಅರ್ಧ ಕಡಿಮೆ ಮಾಡಿಕೊಳ್ಳುತ್ತೇನೆಂದೂ ಮಾತು ಕೊಟ್ಟಿದ್ದೇನೆ. ಸೋತವರು ಎಲ್ಲರಿಗೂ ಗಿರ್ಮಿಟ್ ಮತ್ತು ಮಿರ್ಚಿ ಭಜಿ ಕೊಡಿಸಬೇಕು. ಪಣದ ದುಡ್ಡು ಕಾಕಾನ ಕೈಯಲ್ಲಿದೆ. ಇಬ್ಬರ ಊಹೆಯೂ ತಪ್ಪಿದರೆ ಅದು ಪಂಚರಿಗೇ ಸೇರಬೇಕೆಂದು ಅವರು ಈಗಾಗಲೇ ತೀರ್ಪು ಕೊಟ್ಟಾಗಿದೆ.