ರಿಫರ್ಬಿಶ್ಡ್ ಮಿನಿ ಪಿಸಿ: ಅಂಗಡಿಯಲ್ಲಿ ಕೊಂಡದ್ದು, ಮನೆಯಲ್ಲಿ ಸೇರಿಸಿದ್ದು

ನಮ್ಮ ಮನೆಯ ಹಳೆಯ ಟವರ್ ಕಂಪ್ಯೂಟರಿನಲ್ಲಿದ್ದದ್ದು ಇಂಟೆಲ್‌ನ ನಾಲ್ಕನೆಯ ತಲೆಮಾರಿನ ಪ್ರೊಸೆಸರ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ, ಇನ್ನೊಂದು ವರ್ಷದ ವಿಸ್ತರಿತ ಭದ್ರತಾ ಅಪ್‌ಡೇಟ್ ಪಡೆದು ಅದನ್ನೇ ದೂಡುವುದೋ, ವಿಂಡೋಸ್‌ಗೆ ಬದಲಾಗಿ ಉಚಿತವಾಗಿ ಸಿಗುವ ಲಿನಕ್ಸ್ ಹಾಕುವುದೋ, ಬೇರೆ ಯಂತ್ರ ತರುವುದೋ ಎಂದು ಯೋಚಿಸಬೇಕಾಯಿತು. ನಾನೊಬ್ಬನೇ ಬಳಸುವುದಾಗಿದ್ದರೆ ಲಿನಕ್ಸ್ ಮಿಂಟ್ ಧಾರಾಳವಾಗಿ ಸಾಕಿತ್ತು; ಆದರೆ ತಂದೆಯವರ ಬರಹಗಳೆಲ್ಲ ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟ್‌ಗಳಲ್ಲಿವೆ, ಅವರ ಕೈ ಪಳಗಿರುವುದೂ ವಿಂಡೋಸ್‌ನಲ್ಲಿಯೇ. ಹೀಗಾಗಿ ವಿಂಡೋಸ್ 11 ಅಧಿಕೃತವಾಗಿ ಒಪ್ಪುವ, ಮೇಜಿನ ಮೇಲೆ ಜಾಗ ತಿನ್ನದ, ಕಡಿಮೆ ಬೆಲೆಯ ಯಂತ್ರವೊಂದನ್ನು ಹುಡುಕತೊಡಗಿದೆ.

ಈ ಅಗತ್ಯಕ್ಕೆ ಸರಿಹೊಂದುವ ಯಂತ್ರಗಳು ಲೆನೊವೊದಲ್ಲಿ ಟೈನಿ, ಡೆಲ್‌ನಲ್ಲಿ ಮೈಕ್ರೋ, ಎಚ್‌ಪಿಯಲ್ಲಿ ಮಿನಿ ಎಂಬ ಹೆಸರಿನಲ್ಲಿ ಬರುತ್ತವೆ. ಮೂರೂ ಸುಮಾರು ಒಂದು ಲೀಟರ್ ಗಾತ್ರದ ಪೆಟ್ಟಿಗೆಗಳು. ಅಗಲವೂ ಉದ್ದವೂ 18 ಸೆಂಟಿಮೀಟರ್ ಆಸುಪಾಸು, ದಪ್ಪ ಮೂರೂವರೆ. ಕಂಪನಿಗಳು ಇವನ್ನು ಗುತ್ತಿಗೆಯ ಮೇಲೆ ಕೆಲವು ವರ್ಷ ಬಳಸಿ ಒಟ್ಟಿಗೆ ಹಿಂದಿರುಗಿಸುವುದರಿಂದ, ಅವು ಗಂಟುಗಟ್ಟಲೆ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬಂದು ಬೀಳುತ್ತವೆ, ಅಲ್ಲಿ ದುರಸ್ತಿ ಮಾಡಿ ‘ರಿಫರ್ಬಿಶ್ಡ್’ ಎಂದು ಮಾರಲಾಗುತ್ತದೆ. ಇಷ್ಟೊಂದು ಕಚೇರಿಗಳಿರುವ ಬೆಂಗಳೂರಿನಲ್ಲಿ, ಸಾದರ ಪತ್ರಪ್ಪ ರಸ್ತೆಯ, ಅಂದರೆ ನಾವೆಲ್ಲ ಎಸ್.ಪಿ. ರೋಡ್ ಎನ್ನುವ ಬೀದಿಯ ಅಂಗಡಿಗಳಲ್ಲಿ ಇವುಗಳಿಗೆ ಕೊರತೆಯಿಲ್ಲ.

ಅಂಗಡಿಗೆ ಹೋಗುವ ಮೊದಲೇ ಒಂದು ನಿಯಮ ಹಾಕಿಕೊಂಡಿದ್ದೆ. ಮನೆಯಲ್ಲಿ ಸುಲಭವಾಗಿ ಬದಲಿಸಲು ಬರುವ ಯಾವುದಕ್ಕೂ ಅಂಗಡಿಯಲ್ಲಿ ಹೆಚ್ಚಿನ ಹಣ ಕೊಡಬಾರದು. ಬದಲಿಸಲು ಬಾರದ್ದರಲ್ಲಿ ಮಾತ್ರ ರಾಜಿಯಾಗಬಾರದು. ರ್‍ಯಾಮ್, ಎಸ್‌ಎಸ್‌ಡಿ (ಕಡತಗಳನ್ನು ಇಟ್ಟುಕೊಳ್ಳುವ ಡಿಸ್ಕ್), ವೈಫೈ ಕಾರ್ಡ್ ಇವೆಲ್ಲ ಬದಲಿಸಬಹುದಾದವು. ಮದರ್‌ಬೋರ್ಡು ಮತ್ತು ಅದು ಒಪ್ಪುವ ಪ್ರೊಸೆಸರಿನ ತಲೆಮಾರು ಮಾತ್ರ ಕೊಂಡಂತೆಯೇ ಉಳಿಯುತ್ತವೆ. ಮಾರುವವರು ‘ಐ7’ ಎಂಬ ಸ್ಟಿಕ್ಕರನ್ನು ಮುಂದೆ ಮಾಡುತ್ತಾರೆ, ತಲೆಮಾರಿನ ಮಾತನ್ನು ಕೇಳಿದರೆ ಮಾತ್ರ ಹೇಳುತ್ತಾರೆ. ಆದರೆ ವಿಂಡೋಸ್ 11ರ ಪಟ್ಟಿ, ಬೆರಳೆಣಿಕೆಯ ಅಪವಾದಗಳನ್ನು ಬಿಟ್ಟರೆ, ಎಂಟನೆಯ ತಲೆಮಾರಿನಿಂದಲೇ ಆರಂಭವಾಗುತ್ತದೆ. ಏಳನೆಯ ತಲೆಮಾರಿನವರೆಗೆ ನಾಲ್ಕು ಕೋರ್‌ಗಳು, ಅಂದರೆ ಏಕಕಾಲಕ್ಕೆ ಕೆಲಸ ಮಾಡುವ ನಾಲ್ಕು ಘಟಕಗಳು, ಇದ್ದ ಡೆಸ್ಕ್‌ಟಾಪ್ ಐ5ಗಳಿಗೆ ಆರು ಕೋರ್‌ಗಳು ದಕ್ಕಿದ್ದೂ ಎಂಟನೆಯದರಲ್ಲಿಯೇ. ಆರು, ಏಳನೆಯ ತಲೆಮಾರಿನ ಯಂತ್ರಗಳಲ್ಲಿ ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಹಾಕಿ ತೋರಿಸುವವರಿದ್ದಾರೆ. ಅದು ಓಡುತ್ತದೆ ನಿಜ, ಮುಂದಿನ ಅಪ್‌ಡೇಟ್‌ಗಳು ಬಂದೇ ಬರುತ್ತವೆ ಎಂಬ ಖಾತರಿ ಮಾತ್ರ ಇಲ್ಲ. ಲಿನಕ್ಸ್ ಹಾಕುವ ಉದ್ದೇಶವಿರುವವರಿಗೆ ಅವೇ ಯಂತ್ರಗಳು ಒಳ್ಳೆಯ ಅಗ್ಗದ ಸರಕು ಎಂಬುದನ್ನೂ ಹೇಳಬೇಕು.

ಕೊನೆಗೆ ಆರಿಸಿದ್ದು ಲೆನೊವೊ ಥಿಂಕ್‌ಸೆಂಟರ್ ಎಂ720ಕ್ಯೂ. ಅದರಲ್ಲಿದ್ದದ್ದು ಐ5-8500ಟಿ: ಆರು ಕೋರ್, 2.1ರಿಂದ 3.5 ಗಿಗಾಹರ್ಟ್ಸ್, 35 ವ್ಯಾಟ್. ಕೊನೆಯಲ್ಲಿರುವ ‘ಟಿ’ ಕಡಿಮೆ ವಿದ್ಯುತ್ತಿನ ಮಾದರಿಯ ಗುರುತು. ದೊಡ್ಡ ಪೆಟ್ಟಿಗೆಯ 8500ಕ್ಕಿಂತ ಇದು ನಿಧಾನ, ಆದರೆ ಟೈಪಿಂಗ್, ಬ್ಯಾಂಕ್ ವ್ಯವಹಾರ, ಮಗಳ ಆನ್‌ಲೈನ್ ಪಾಠಗಳಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಅಂಗಡಿಯವರು 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ ಇರುವುದನ್ನೇ ತೆಗೆದುಕೊಳ್ಳಿ ಎಂದು ಒತ್ತಾಯಿಸಿದರೂ, ನಾನು 8 ಜಿಬಿಯ ಒಂದೇ ರ್‍ಯಾಮ್ ಕಡ್ಡಿ ಮತ್ತು 256 ಜಿಬಿಯ ಹೆಸರಿಲ್ಲದ ಎಸ್‌ಎಸ್‌ಡಿ ಇದ್ದುದನ್ನೇ ಕೇಳಿ ಪಡೆದೆ. ದುಬಾರಿಯದರಲ್ಲಿದ್ದ ಎಸ್‌ಎಸ್‌ಡಿಯ ಹೆಸರನ್ನೂ ನಾನೆಂದೂ ಕೇಳಿರಲಿಲ್ಲ. ಆ ಹೆಚ್ಚುವರಿ ಹಣಕ್ಕೆ ನನಗೆ ಬೇಕಾದ ಕಂಪನಿಯದನ್ನು ಹೊಸದಾಗಿ, ವಾರಂಟಿಯೊಡನೆ ಕೊಳ್ಳಬಹುದಿತ್ತು.

ಹಣ ಕೊಡುವ ಮೊದಲು ಯಂತ್ರವನ್ನು ಅಲ್ಲಿಯೇ ಆನ್ ಮಾಡಿಸಿ, ಎಫ್1 ಒತ್ತಿ ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ, ಬೋರ್ಡಿನಲ್ಲಿಯೇ ಇರುವ ತಂತ್ರಾಂಶ) ಒಳಗೆ ಹೋಗಿ ನೋಡುವುದು ಎಲ್ಲಕ್ಕಿಂತ ಮುಖ್ಯ. ಹಿಂದಿನ ಕಂಪನಿಯ ಪಾಸ್‌ವರ್ಡ್ ಉಳಿದಿದ್ದರೆ ಅದು ಅಲ್ಲಿಯೇ ಗೊತ್ತಾಗುತ್ತದೆ, ಮತ್ತು ಒಳಗಿನ ಚಿಕ್ಕ ಬ್ಯಾಟರಿಯನ್ನು ತೆಗೆದು ಹಾಕಿದರೆ ಅದು ಅಳಿಸಿಹೋಗುತ್ತದೆ ಎಂಬ ಅಂಗಡಿಯ ಮಾತನ್ನು ನಂಬಿಕೊಂಡು ಮನೆಗೆ ಒಯ್ಯುವುದು ಜಾಣತನವಲ್ಲ. ಬಯೋಸ್‌ನಲ್ಲಿ ಕಾಣುವ ಸೀರಿಯಲ್ ಸಂಖ್ಯೆಯೂ ಪೆಟ್ಟಿಗೆಯ ಮೇಲಿನ ಸ್ಟಿಕ್ಕರಿನದೂ ಒಂದೇ ಆಗಿದ್ದರೆ ಬೋರ್ಡು ಬದಲಾಗಿಲ್ಲ ಎಂದು ಬಹುಮಟ್ಟಿಗೆ ಭಾವಿಸಬಹುದು. ವಿಂಡೋಸ್‌ನ ಆಕ್ಟಿವೇಶನ್ ಪುಟವನ್ನೂ ನೋಡಬೇಕು. ಡಿಜಿಟಲ್ ಲೈಸೆನ್ಸ್ ಎಂದಿದ್ದರೆ ಸರಿ, ಯಾವುದೋ ಸಂಸ್ಥೆಯ ಆಕ್ಟಿವೇಶನ್ ಸೇವೆಯ ಮೂಲಕ ಎಂದಿದ್ದರೆ ಅದು ಈ ಯಂತ್ರದ ಸ್ವಂತ ಲೈಸೆನ್ಸ್ ಅಲ್ಲ.

ಅಡಾಪ್ಟರಿನ ವಿಷಯದಲ್ಲಿ ಸ್ವಲ್ಪ ವಾದವೇ ಆಯಿತು. ಈ ಪುಟ್ಟ ಯಂತ್ರಗಳಲ್ಲಿ ಪವರ್ ಸಪ್ಲೈ ಒಳಗಿರುವುದಿಲ್ಲ, ಲ್ಯಾಪ್‌ಟಾಪಿನಂತೆ ಹೊರಗಿನ ಅಡಾಪ್ಟರ್ ಬೇಕು. ನನಗೆ ಕೊಟ್ಟದ್ದು ನಕಲಿ. ಹಗುರವಾಗಿತ್ತು, ಸ್ವಲ್ಪ ಹೊತ್ತಿಗೇ ಬಿಸಿಯಾಗಿ ಸಣ್ಣಗೆ ಗುಂಯ್ಗುಡುತ್ತಿತ್ತು. ಲೆನೊವೊದ 20 ವೋಲ್ಟ್, 65 ವ್ಯಾಟ್‌ನ, ಆಯತಾಕಾರದ ಪಿನ್ ಇರುವ ಅಡಾಪ್ಟರ್ ಅದೇ ಕಾಲದ ಅನೇಕ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳದ್ದೂ ಆಗಿರುವುದರಿಂದ ಅಸಲಿಯದು ಅಂಗಡಿಯಲ್ಲಿ ಇದ್ದೇ ಇತ್ತು, ಕೇಳಿದ ಮೇಲೆ ಹೊರಗೆ ಬಂತು.

ಎಂ720ಕ್ಯೂವನ್ನು ಬಿಚ್ಚುವುದು ಸಂತೋಷದ ಕೆಲಸ. ಹಿಂಬದಿಯ ಒಂದೇ ತಿರುಪನ್ನು ತೆಗೆದು ಮೇಲಿನ ಮುಚ್ಚಳವನ್ನು ಮುಂದಕ್ಕೆ ಜಾರಿಸಿದರೆ ಫ್ಯಾನ್ ಮತ್ತು ಎರಡೂವರೆ ಇಂಚಿನ ಡಿಸ್ಕಿನ ಜಾಗ ಕಾಣುತ್ತವೆ. ಮಗುಚಿ ತಳದ ಮುಚ್ಚಳವನ್ನು ಜಾರಿಸಿದರೆ ರ್‍ಯಾಮ್ ಮತ್ತು ಬೋರ್ಡಿಗೇ ನೇರವಾಗಿ ಕೂರುವ ಎಂ.2 ಎಸ್‌ಎಸ್‌ಡಿ ಸಿಗುತ್ತವೆ. ಇದಕ್ಕೆ ಬೇಕಾದದ್ದು ಲ್ಯಾಪ್‌ಟಾಪಿನ ಡಿಡಿಆರ್4 ರ್‍ಯಾಮ್. 2025ರ ಕೊನೆಯಿಂದ ರ್‍ಯಾಮ್ ಬೆಲೆ ಏರಿ ಕುಳಿತಿರುವುದರಿಂದ ಹೊಸದನ್ನು ಕೊಳ್ಳದೆ, ಪರದೆ ಒಡೆದು ಮೂಲೆ ಸೇರಿದ್ದ ಲ್ಯಾಪ್‌ಟಾಪಿನ 8 ಜಿಬಿ ಕಡ್ಡಿಯನ್ನು ಬಿಚ್ಚಿ ಇದಕ್ಕೆ ಹಾಕಿದೆ. ಅದು 3200ರ ವೇಗದ್ದಾದರೂ ಈ ಪ್ರೊಸೆಸರ್ 2666ಕ್ಕೇ ಓಡಿಸುತ್ತದೆ, ಅದರಿಂದ ತೊಂದರೆಯೇನೂ ಇಲ್ಲ. ಎರಡು ಕಡ್ಡಿಗಳಾದುದರ ಲಾಭ ಒಟ್ಟು 16 ಜಿಬಿ ಆದದ್ದಷ್ಟೇ ಅಲ್ಲ. ಪ್ರೊಸೆಸರಿನೊಳಗಿನ ಯುಎಚ್‌ಡಿ 630 ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲ, ಅದು ಈ ರ್‍ಯಾಮನ್ನೇ ಹಂಚಿಕೊಳ್ಳುತ್ತದೆ; ಒಂದೇ ಕಡ್ಡಿಯಿದ್ದಾಗ ದಾರಿಯೂ ಒಂದೇ, ಎರಡಾದಾಗ ಅಗಲ ಇಮ್ಮಡಿ. ಕಡ್ಡಿಗಳು ಬೇರೆ ಬೇರೆ ಕಂಪನಿಯವಾದ್ದರಿಂದ ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ, ತಪ್ಪುಗಳಿಲ್ಲವೆಂದು ಖಚಿತವಾದ ಮೇಲೆಯೇ ಮುಂದಿನ ಕೆಲಸಕ್ಕೆ ಕೈ ಹಾಕಿದೆ.

ಎಸ್‌ಎಸ್‌ಡಿಗೆ 500 ಜಿಬಿಯ ಎನ್‌ವಿಎಂಇ (ಎಂ.2 ಎಸ್‌ಎಸ್‌ಡಿಯ ವೇಗದ ಬಗೆ) ಸಾಕೆನಿಸಿತು. ಈ ಯಂತ್ರದ ಎಂ.2 ಸ್ಲಾಟ್ ಪಿಸಿಐಇ ಎಂಬ ಸಂಪರ್ಕ ವ್ಯವಸ್ಥೆಯ ಮೂರನೆಯ ತಲೆಮಾರಿನದು. ನಾಲ್ಕನೆಯ ತಲೆಮಾರಿನ ದುಬಾರಿ ಎಸ್‌ಎಸ್‌ಡಿ ಹಾಕಿದರೂ ಅದು ಮೂರನೆಯದರ ವೇಗಕ್ಕೇ ಇಳಿಯುತ್ತದೆ. ಅಂಗಡಿಯವರು ಹಾಕಿಕೊಟ್ಟಿದ್ದ ವಿಂಡೋಸನ್ನು ಉಳಿಸಿಕೊಳ್ಳುವ ಮನಸ್ಸಾಗಲಿಲ್ಲ, ಅದರಲ್ಲಿ ಏನೇನು ಸೇರಿಸಿದ್ದಾರೋ ಬಲ್ಲವರಾರು. ಮೈಕ್ರೋಸಾಫ್ಟ್‌ನ ತಾಣದಿಂದಲೇ ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಹೊಸದಾಗಿ ಹಾಕಿದಾಗ, ಬಯೋಸ್‌ನಲ್ಲಿ ಅಡಗಿರುವ ಕೀಲಿಯನ್ನು ತಾನೇ ಓದಿಕೊಂಡು ವಿಂಡೋಸ್ ಪ್ರೊ ಸಕ್ರಿಯವಾಯಿತು.

ಫ್ಯಾನ್‌ನಲ್ಲಿ ಕಚೇರಿಯ ವರ್ಷಗಳ ದೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಹೀಟ್‌ಸಿಂಕನ್ನು ಎತ್ತಿ ನೋಡಿದರೆ ಪ್ರೊಸೆಸರಿನ ಬಿಸಿಯನ್ನು ಅದಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಹಕ್ಕಳೆಯಾಗಿದೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹೊಸ ಪೇಸ್ಟನ್ನು ಕಡಲೆಕಾಳಿಗಿಂತ ಚಿಕ್ಕದಾಗಿ ಹಾಕಿ, ತಿರುಪುಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪಸ್ವಲ್ಪವೇ ಬಿಗಿದೆ. ಮೊದಲು ಭಾರೀ ಕೆಲಸಕ್ಕೆ ಎಂಬತ್ತು ಡಿಗ್ರಿ ದಾಟುತ್ತಿದ್ದ ಉಷ್ಣತೆ ಈಗ ಅರವತ್ತರ ಆಚೆಗೆ ಹೆಚ್ಚು ಏರುವುದಿಲ್ಲ, ಫ್ಯಾನ್ ಸದ್ದೂ ಅಡಗಿತು. ರ್‍ಯಾಮ್, ಎಸ್‌ಎಸ್‌ಡಿಗಳಿಗಿಂತ ಕಡಿಮೆ ಖರ್ಚಿನ ಈ ಕೆಲಸವನ್ನು ರಿಫರ್ಬಿಶ್ಡ್ ಎಂದು ಮಾರುವವರೇ ಮಾಡಿಕೊಡಬೇಕಿತ್ತು. ಮಾಡಿದ್ದು ಪೆಟ್ಟಿಗೆಯ ಹೊರಮೈಗೆ ಪಾಲಿಶ್ ಮಾತ್ರ.

ಕಚೇರಿಯಲ್ಲಿ ತಂತಿಯ ನೆಟ್‌ವರ್ಕ್ ಇರುವುದರಿಂದ ಈ ಯಂತ್ರಗಳಲ್ಲಿ ವೈಫೈ ಇರುವುದು ಅಪರೂಪ. ನನ್ನದರಲ್ಲಿಯೂ ಖಾಲಿ ಸ್ಲಾಟ್ ಮಾತ್ರ ಇತ್ತು. ಇಲ್ಲಿ ಮಾದರಿಯ ಸಂಖ್ಯೆಯನ್ನು ಎಚ್ಚರದಿಂದ ನೋಡಬೇಕು. ಇಂಟೆಲ್‌ನ ಎಎಕ್ಸ್200 ಮತ್ತು ಎಎಕ್ಸ್210 ಸಾಮಾನ್ಯ ಪಿಸಿಐಇ ಕಾರ್ಡುಗಳು. ನೋಡಲು ಅವುಗಳಂತೆಯೇ ಇರುವ, ಕೆಲವೊಮ್ಮೆ ಇನ್ನೂ ಅಗ್ಗವಾಗಿ ಸಿಗುವ ಎಎಕ್ಸ್201, ಎಎಕ್ಸ್211 ತಮ್ಮ ಅರ್ಧ ಕೆಲಸವನ್ನು ಬೋರ್ಡಿನ ಚಿಪ್‌ಸೆಟ್‌ಗೆ ಬಿಡುವುದರಿಂದ ಅದಕ್ಕೆ ಹೊಂದುವ ಬೋರ್ಡಿನಲ್ಲಿ ಮಾತ್ರ ನಡೆಯುತ್ತವೆ. ನಾನು ಎಎಕ್ಸ್210 ತರಿಸಿದೆ. ಕಾರ್ಡು ಕೂರಿಸುವುದಕ್ಕಿಂತ ಆಂಟೆನಾದ ಸಾಸಿವೆಯಷ್ಟಿರುವ ಎರಡು ಗುಂಡಿಗಳನ್ನು ಅದಕ್ಕೆ ಒತ್ತಿ ಕೂರಿಸುವುದೇ ಕಷ್ಟ; ನೇರವಾಗಿ ಮೇಲಿಟ್ಟು ಒತ್ತಬೇಕು, ಓರೆಯಾದರೆ ಅಂಚು ಬಾಗುತ್ತದೆ.

ಯುಪಿಎಸ್‌ಗೆ ಹೊಸ ಖರ್ಚು ಬರಲಿಲ್ಲ. ಹಳೆಯ ಟವರನ್ನು ಕೆಲವೇ ನಿಮಿಷ ಹಿಡಿದಿಡುತ್ತಿದ್ದ 600 ವಿಎ ಪೆಟ್ಟಿಗೆಯೇ ಈಗ ಮಾನಿಟರನ್ನೂ ಸೇರಿಸಿ ಸಾಮಾನ್ಯ ವಿದ್ಯುತ್ ಕಡಿತವನ್ನು ನೀಗಿಸುತ್ತಿದೆ.

ಪ್ರೊಸೆಸರನ್ನೂ ಬದಲಿಸಬಹುದೇ ಎಂದು ಕೇಳುವವರಿದ್ದಾರೆ. ಅದು ಸಾಕೆಟ್‌ನಲ್ಲಿ ಕುಳಿತಿರುವುದರಿಂದ ಸಾಧ್ಯ. ಆರು ಕೋರ್, ಹನ್ನೆರಡು ಥ್ರೆಡ್‌ಗಳ (ಪ್ರತಿ ಕೋರ್ ಎರಡೆರಡು ಕೆಲಸ ಹಿಡಿಯುವ) ಐ7-8700ಟಿ ಇದೇ ಬೋರ್ಡಿನಲ್ಲಿ ಕೂರುತ್ತದೆ. ಆದರೆ ಬಿಡಿಯಾಗಿ ಕೇಳಿದಾಗ ಅದಕ್ಕೆ ಹೇಳಿದ ಬೆಲೆ ಇಡೀ ಯಂತ್ರಕ್ಕೆ ಕೊಟ್ಟದ್ದರ ಅರ್ಧಕ್ಕೂ ಹೆಚ್ಚು. ಆ ಹಣಕ್ಕೆ ತಂದೆಯವರ ಕಣ್ಣಿಗೆ ಹಿತವಾಗುವಂಥ ದೊಡ್ಡ ಮಾನಿಟರ್ ಬರುತ್ತದೆ ಎಂದು ಸದ್ಯಕ್ಕೆ ಅದರ ಹುಡುಕಾಟದಲ್ಲಿದ್ದೇನೆ.